ನಾಲ್ಕನೆಯ ಸಾಲಿನ ಕುಳಿ

ನಾನು ಒಂದು ರಟ್ಟು. ಪರೀಕ್ಷೆಗೆ ಹೋಗುವ ಮಕ್ಕಳು ಎದೆಗವಚಿಕೊಂಡು ಹೋಗುತ್ತಾರಲ್ಲ, ನೆತ್ತಿಯ ಮೇಲೊಂದು ಕಬ್ಬಿಣದ ಕ್ಲಿಪ್ಪು ಇರುವ ಕಂದು ಹಲಗೆ, ಅದು ನಾನು. ಯಾವ ಮರದ ಹೊಟ್ಟು ನನ್ನೊಳಗಿದೆಯೋ ನನಗೆ ತಿಳಿಯದು. ಕಾಯಿಸಿ, ಒತ್ತಿ, ಒಣಗಿಸಿದ ದೊಡ್ಡ ಹಾಳೆಯಾಗಿ ಗದಗಿಗೆ ಬಂದೆ. ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯೊಂದರಲ್ಲಿ ನನ್ನನ್ನು ಈ ಅಳತೆಗೆ ಕತ್ತರಿಸಿ ಕ್ಲಿಪ್ಪು ಬಡಿದರು. ನನ್ನ ಒಂದು ಮೈ ನುಣುಪು, ಇನ್ನೊಂದು ಗೋಣಿತಾಟಿನ ಹಾಗೆ ಒರಟು. ಒತ್ತಡದಿಂದಲೇ ಹುಟ್ಟಿದವಳು ನಾನು. ಯಾರಾದರೂ ಒತ್ತಿದ್ದನ್ನು ಮರೆಯುವುದು ನನಗೆ ಬಾರದು.

ನನ್ನನ್ನು ಕೊಂಡವನು ದೇವೇಂದ್ರ, ಬೆಟಗೇರಿಯ ನೇಕಾರರ ಓಣಿಯವನು. ಜತೆಗೆ ತಂಗಿ ಬನಶಂಕರಿ ಇದ್ದಳು. ಅಂಗಡಿಯಲ್ಲಿ ಹತ್ತು ರಟ್ಟು ಎತ್ತಿ ಬಾಗಿಸಿ ನೋಡಿ ಅವನು ನನ್ನನ್ನು ಆರಿಸಿದ.

"ಇದ ಗಟ್ಟಿ ಐತಿ ಬನಿ. ಎಷ್ಟ ಒತ್ತಿ ಬರದ್ರೂ ಬಗ್ಗಾಂಗಿಲ್ಲ."

"ನಾವೇನ್ ಮಗ್ಗಾ ಹೊಡಿತೀವೇನ ಇದರ ಮ್ಯಾಲ?" ಎಂದು ಅವಳು ನಕ್ಕಳು.

ಆ ಓಣಿಯ ಹೆಣ್ಣುಮಕ್ಕಳು ತಮ್ಮೊಬ್ಬರ ಬಗ್ಗೆ ಹೇಳುವಾಗಲೂ 'ನಾವು' ಅನ್ನುತ್ತಿದ್ದರು. ನಾವು ಉಂಡಿವಿ, ನಾವು ಒಲ್ಲಿವಿ. ಮನೆಯಲ್ಲಿ ಅಪ್ಪ, ಅವನ ಬೆನ್ನು ನೊಂದ ಮೇಲೆ ದೇವೇಂದ್ರ, ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದರು. ಅವ್ವ ನೂಲು ಬಿಚ್ಚುತ್ತಿದ್ದಳು. ಬನಶಂಕರಿ ರಾಟೆಯ ಮುಂದೆ ಕೂತು ಲಾಳಿಯಲ್ಲಿಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಒಬ್ಬರು ಎದ್ದರೆ ಎಲ್ಲರ ಕೆಲಸ ನಿಲ್ಲುತ್ತಿತ್ತು. ಅಂಥ ಮನೆಯಲ್ಲಿ 'ನಾನು' ಎಂಬ ಮಾತಿಗೆ ಕೂರಲು ಜಾಗವಿರಲಿಲ್ಲ.

ಪಿಯುಸಿಯಲ್ಲಿ ಅವಳು ಕಾಲೇಜಿಗೇ ಮೊದಲಿಗಳಾದಳು. ಕನ್ನಡ ಕಲಿಸುವ ಕುಸುಮಾ ಅಕ್ಕೋರು ದೂರದ ಊರಿನ ಹೆಣ್ಣುಮಕ್ಕಳ ವಸತಿ ಕಾಲೇಜೊಂದರ ಅರ್ಜಿ ತರಿಸಿಕೊಟ್ಟರು. ಆ ಕಾಲೇಜಿನವರದು ಒಂದು ಪದ್ಧತಿ. ಅಂಕಪಟ್ಟಿಯ ಜತೆ ಅವರೇ ಕಳಿಸಿದ ಹಾಳೆಯಲ್ಲಿ, ಸ್ವಂತ ಕೈಬರಹದಲ್ಲಿ, ತಾನು ಯಾರು, ಅಲ್ಲಿ ಯಾಕೆ ಓದಬೇಕು ಎಂದು ಬರೆದು ಕಳಿಸಬೇಕು. ಹಾಳೆ ಒಂದೇ. ಇನ್ನೊಂದು ಕೊಡುವುದಿಲ್ಲ.

ಬನಶಂಕರಿ ನನ್ನ ಮೇಲೆ ಹಾಳೆ ಸಿಕ್ಕಿಸಿ ಎರಡು ಮಧ್ಯಾಹ್ನ ಬರೆದಳು. ಮರುದಿನ ಅಕ್ಕೋರು ಓದಿ ಕನ್ನಡಕ ತೆಗೆದರು.

"ಚೊಲೊ ಬರದಿ. ಆದರ ಇದರಾಗ ನಿಮ್ಮ ಅಪ್ಪ ಬಂದ್ರು, ಅವ್ವ ಬಂದ್ರು, ಮಗ್ಗ ಬಂತು. ನೀ ಒಬ್ಬಾಕಿ ಬರಲಿಲ್ಲ."

"ಎಲ್ಲಾ ಕಡೆ ನಾವೇ ಅದೀವಲ್ರೀ ಅಕ್ಕೋರ."

"ಅದನ್ನ ಹೇಳಾಕತ್ತೀನಿ. ನಾವು ಅಂದ್ರ ಯಾರು? ಅವರು ಇಡೀ ಓಣಿಗೆ ಸೀಟು ಕೊಡಂಗಿಲ್ಲವಾ. ನೂಲಿನ ಗಂಟಿಗೆ ಸುತ್ತಿದ ಪೇಪರ್ ಓದಿದಾಕಿ ಯಾರು, ನೀನೋ ನಿಮ್ಮ ಓಣಿಯೋ?"

ಆ ಪೇಪರಿನ ಸಂಗತಿಯೇ ಅವಳ ಬರಹದ ಜೀವ. ಮನೆಗೆ ಬರುವ ನೂಲಿನ ಗಂಟುಗಳಿಗೆ ಹಳೆಯ ಪತ್ರಿಕೆಯ ತುಂಡು ಸುತ್ತಿರುತ್ತಿತ್ತು. ಒಂದು ಕೈಯಲ್ಲಿ ರಾಟೆ ತಿರುಗಿಸುತ್ತಾ ಅವಳು ಅದನ್ನು ಓದುತ್ತಿದ್ದಳು. ಹರಿದ ತುಂಡುಗಳಾದ್ದರಿಂದ ಯಾವ ಕಥೆಗೂ, ಯಾವ ಸುದ್ದಿಗೂ ಕೊನೆ ಇರುತ್ತಿರಲಿಲ್ಲ. ಅವುಗಳ ಕೊನೆ ಓದುವುದಕ್ಕೆ ಬರುತ್ತೇವೆ ಎಂದು ಬರೆದಿದ್ದಳು.

ಅವತ್ತು ಮನೆಗೆ ಬಂದವಳೇ ಅಣ್ಣ ಗಡ್ಡ ಹೆರೆದುಕೊಳ್ಳುವ ಬ್ಲೇಡು ತೆಗೆದುಕೊಂಡಳು. ಮೊದಲು 'ಬರುತ್ತೇವೆ'ಯಂಥ ಮಾತುಗಳನ್ನು ಹಗುರ ಕೈಯಿಂದ 'ಬರುತ್ತೇನೆ' ಎಂದು ತಿದ್ದಿಕೊಂಡಳು. ಆಮೇಲೆ 'ನಾವು' ಇದ್ದಲ್ಲೆಲ್ಲ 'ವು' ಹೆರೆದು ತೆಗೆದಳು. ಕಾಗದ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಯಿತು. ಅದರ ಮೇಲೆ ಪೆನ್ನು ಒತ್ತಿ ಹಿಡಿದು 'ನು' ಬರೆದಳು. ಮೊದಲ ಬಾರಿ ಬರೆದು ಬಾಗಿಲ ಕಡೆ ನೋಡಿದಳು. ನಾಲ್ಕನೆಯ ಸಾಲಿಗೆ ಬರುವಾಗ ಹಾಗೆ ನೋಡುವುದನ್ನು ಬಿಟ್ಟಿದ್ದಳು. ಅಲ್ಲಿ ಅವಳು ಎಷ್ಟು ಒತ್ತಿದಳೆಂದರೆ ನನ್ನ ಮೈಯಲ್ಲಿ ಕುಳಿ ಬಿತ್ತು. ಒಟ್ಟು ಹದಿನೇಳು ಕಡೆ. ಪ್ರತಿಯೊಂದರ ಬಾಲವನ್ನೂ ಕಂಡಿಕೆಯಿಂದ ಬಿಚ್ಚಿಕೊಂಡ ಎಳೆಯ ಹಾಗೆ ಉದ್ದಕ್ಕೆ ಎಳೆದು ಸುಳಿ ಸುತ್ತಿದಳು.

"ಅಣ್ಣಾ, ಪ್ಯಾಟಿಗೆ ಹೊಂಟಿಯಲ್ಲ, ಇದನ್ನ ಲಕೋಟಿಯೊಳಗಿಟ್ಟು ಪೋಸ್ಟಿಗೆ ಹಾಕಿ ಬಾ," ಎಂದು ನನ್ನ ಸಮೇತ ಅವನ ಕೈಗೆ ಕೊಟ್ಟು ನೀರಿಗೆ ಹೋದಳು.

ಅವನು ಹಿತ್ತಲಿನಲ್ಲಿ, ಸ್ನಾನದ ನೀರು ಕಾಯುತ್ತಿದ್ದ ಒಲೆಯ ಹತ್ತಿರ ಕೂತು ಓದಿದ. ಕೆಟ್ಟವನಲ್ಲ ಅವನು. ನನ್ನನ್ನು ಬಾಗಿಸಿ ನೋಡಿ ಆರಿಸಿದ ಅದೇ ಕೈ. ಓದುತ್ತಾ ಓದುತ್ತಾ ಅವನ ಬೆರಳು ಬಿಗಿಯಿತು.

"ಬರೀ ನಾನು, ನಾನು. ನಾವೆಲ್ಲಾ ಎಲ್ಲಿ ಹೋದ್ವಿ?" ಎಂದು ಮೆಲ್ಲಗೆ ಅಂದ. ಕೇಳುವವರು ಯಾರೂ ಇರಲಿಲ್ಲ, ನನ್ನ ಹೊರತು. ಕ್ಲಿಪ್ಪು ಎತ್ತಿ ಹಾಳೆ ಬಿಡಿಸಿ ಒಲೆಯೊಳಗೆ ಇಟ್ಟ. ಅದು ಬೇಗ ಉರಿಯಿತು. ಹೆರೆದ ಜಾಗಗಳಿಗೆ ಮೊದಲು ಬೆಂಕಿ ಹತ್ತಿತು.

"ಹಾಕಿದಿ ಅಣ್ಣಾ?"

"ಹಾಕೀನಿ."

ಬನಶಂಕರಿ ಐದು ವಾರ ಟಪಾಲಿನವನ ಸೈಕಲ್ ಗಂಟೆಗೆ ರಾಟೆ ನಿಲ್ಲಿಸಿದಳು. ಆಮೇಲೆ ನಿಲ್ಲಿಸುವುದನ್ನು ಬಿಟ್ಟಳು. ಒಂದು ದಿನ ನನ್ನ ಮೈಮೇಲಿನ ಧೂಳು ಸೆರಗಿನಿಂದ ಒರೆಸಿ, "ನಾವು ಚೊಲೊ ಬರದಿಲ್ಲ ಕಾಣತೈತಿ," ಅಂದಳು. ಮತ್ತೆ ನಾವು. ಆ ಮಾತು ಹೇಳುವಾಗ ದೇವೇಂದ್ರ ಮಗ್ಗದಲ್ಲಿದ್ದ. ಲಾಳಿ ತಪ್ಪಿ ನೆಲಕ್ಕೆ ಬಿತ್ತು. ಅವನು ಬಗ್ಗಿ ಎತ್ತಿಕೊಂಡ.

ಮುಂದಿನ ವರ್ಷ ಅವಳನ್ನು ಇಳಕಲ್ಲಿಗೆ ಕೊಟ್ಟರು. ಎರಡನೆಯ ವರ್ಷ ಬಾಣಂತಿ ಜ್ವರದಲ್ಲಿ ತೀರಿಕೊಂಡಳು. ಮಗುವೂ ಉಳಿಯಲಿಲ್ಲ. ಮನೆಯಲ್ಲಿ ಅವಳ ಹೆಸರು ಹೇಳುವುದು ನಿಂತುಹೋಯಿತು. ರಾಟೆಯನ್ನು ಅಟ್ಟಕ್ಕೆ ಹಾಕಿದರು.

ನಾನು ಬೇರೆ ಬೇರೆ ಕೈಗೆ ಹೋದೆ. ಅವ್ವ ನನ್ನಿಂದ ಒಲೆಗೆ ಗಾಳಿ ಹಾಕಿದಳು. ಹಿಟ್ಟಿನ ಡಬ್ಬಿಗೆ ಮುಚ್ಚಳವಾದೆ. ಎಷ್ಟೋ ವರ್ಷ ದೇವೇಂದ್ರ ನನ್ನ ಮೇಲೆ ಸೀರೆಯ ಅಂಚಿನ ನಕ್ಷೆ ಬರೆದ. ಚೌಕುಳಿ ಹಾಳೆ ಸಿಕ್ಕಿಸಿ ಪೆನ್ಸಿಲಿನಿಂದ ಮನೆ ತುಂಬುತ್ತಾ ಬರುತ್ತಿದ್ದವನ ಪೆನ್ಸಿಲು ಒಂದು ಜಾಗದಲ್ಲಿ ತಟ್ಟನೆ ಇಳಿಯುತ್ತಿತ್ತು. ಕಾಗದ ಜರುಗಿಸುತ್ತಿದ್ದ. ಬೇರೊಂದು ಕುಳಿಗೆ ಇಳಿಯುತ್ತಿತ್ತು. ಆಗ ನನ್ನನ್ನು ಮಗುಚಿ ಒರಟು ಮೈ ಮೇಲೆ ಮಾಡಿಕೊಳ್ಳುತ್ತಿದ್ದ. "ರಟ್ಟು ಹಾಳಾಗೈತಿ, ಒಗದ್ಬಿಡ್ರಿ," ಎಂದು ಅವನ ಹೆಂಡತಿ ಎಷ್ಟು ಸಲ ಹೇಳಿದರೂ ಎಸೆಯಲಿಲ್ಲ. ಬನಶಂಕರಿಯ ಕೈ ಹೋಗಿತ್ತು, ಅದರ ಒತ್ತು ಹೋಗಿರಲಿಲ್ಲ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಕಡೆಗೆ ನಾನು ಅವನ ಮಗಳು ಶ್ರಾವಣಿಯ ಕೈಗೆ ಬಂದೆ. ಅವಳೂ ಪಿಯುಸಿ ಮುಗಿಸಿದ್ದಳು. ಅವಳಿಗೂ ಅದೇ ಕಾಲೇಜು ಬೇಕಾಗಿತ್ತು. ಈಗ ಅರ್ಜಿಯೆಲ್ಲ ಕಂಪ್ಯೂಟರಿನಲ್ಲಿ, ಆದರೆ ಕೈಬರಹದ ಪದ್ಧತಿಯನ್ನು ಮಾತ್ರ ಅವರು ಬಿಟ್ಟಿರಲಿಲ್ಲ. ಮುಟ್ಟಿಸಲು ನಾಲ್ಕು ದಿನ ಉಳಿದಿತ್ತು. ಶ್ರಾವಣಿ ಕರಡು ಬರೆದು, ನನ್ನನ್ನೂ ಹಿಡಿದುಕೊಂಡು ನಿವೃತ್ತರಾಗಿದ್ದ ಕುಸುಮಾ ಅಕ್ಕೋರ ಮನೆಗೆ ಹೋದಳು. ಅವರು ಓದಿದರು, ಕನ್ನಡಕ ತೆಗೆದರು.

"ನಿಮ್ಮ ಓಣಿ ನೀರಾಗ ಏನೈತಿ ಮಾರಾಯ್ತಿ? ಎಲ್ಲಾ ಕಡೆ ನಾವು. ನಿನ್ನ ಬಿಟ್ಟು ಎಲ್ಲಾರೂ ಹಾಜರ್." ಕನ್ನಡಕವನ್ನು ಸೆರಗಿನಿಂದ ಒರೆಸುತ್ತಾ ಹೇಳಿದರು: "ನಿಮ್ಮ ಅತ್ತಿಗೂ ಇದನ್ನ ಹೇಳಿದ್ದೆ. ಬ್ಲೇಡಿಲೆ ಹೆರದು ತಿದ್ದತೀನ್ರಿ ಅಂದಿದ್ಲು. ಇಷ್ಟು ವರ್ಷದಾಗ ಅಂಥಾದ್ದು ಇನ್ನೊಂದು ನಾ ಓದಿಲ್ಲ. ಯಾಕ ಕರೀಲಿಲ್ಲೋ ಆ ಕಾಲೇಜಿನವರು."

ಶ್ರಾವಣಿಗೆ ಅತ್ತೆಯೊಬ್ಬಳು ಇದ್ದಳೆಂಬುದಷ್ಟೇ ಗೊತ್ತಿತ್ತು. ಮನೆಗೆ ಬಂದು ಹೊಸ ಕರಡಿಗೆ ಕೂತಳು. ನಾಲ್ಕನೆಯ ಸಾಲಿನಲ್ಲಿ ಪೆನ್ನು ಇಳಿದು ಕಾಗದ ತೂತಾಯಿತು. ಅವಳು ಅಪ್ಪನ ಹಾಗೆ ನನ್ನನ್ನು ಮಗುಚಲಿಲ್ಲ. ಬೆರಳಿಂದ ಸವರಿ ನೋಡಿದಳು. ತೆಳ್ಳನೆಯ ಕಾಗದ ಹಾಸಿ, ಪೆನ್ಸಿಲನ್ನು ಅಡ್ಡ ಹಿಡಿದು ಮೆಲ್ಲಗೆ ಉಜ್ಜಿದಳು. ಕಪ್ಪಿನ ನಡುವೆ ಬೆಳ್ಳಗೆ ಒಂದು 'ನು' ಎದ್ದಿತು. ಅದರ ಪಕ್ಕಕ್ಕೆ ಇನ್ನೊಂದು. ಕೆಳಗೆ ಮತ್ತೊಂದು. ಉಳಿದ ಮಾತೆಲ್ಲ ಸವೆದುಹೋಗಿ ಅವಷ್ಟೇ, ಉದ್ದ ಬಾಲದವು, ಸಾಲು ಸಾಲಾಗಿ ಬಂದು ನಿಂತವು. ಹದಿನೇಳು.

ಅವಳು ಕಾಗದ ಹಿಡಿದು ಮಗ್ಗದ ಕುಣಿಯ ಅಂಚಿಗೆ ಹೋದಳು.

"ಅಪ್ಪಾ, ಇದು ಯಾರ ಅಕ್ಷರ?"

ಮಗ್ಗ ನಿಂತಿತು. ದೇವೇಂದ್ರ ತುಂಬಾ ಹೊತ್ತು ಆ ಬಾಲಗಳನ್ನು ನೋಡಿದ.

"ನಿಮ್ಮತ್ತೀದು. ಬನೀದು." ಇಪ್ಪತ್ತೆಂಟು ವರ್ಷದ ಮೇಲೆ ಆ ಹೆಸರು ಆ ಮನೆಯಲ್ಲಿ ಕೇಳಿತು.

"ಭಾಳ ಚೊಲೊ ಬರದಿದ್ಲಂತ. ಮತ್ತ ಅವರ್ಯಾಕ ಕರೀಲಿಲ್ಲ?"

"ಅವರಿಗೆ ಮುಟ್ಟಿದ್ರ ಕರೀತಿದ್ರು," ಎಂದ ಅವನು, ತನ್ನ ಕೈ ನೋಡಿಕೊಳ್ಳುತ್ತಾ.

ಶ್ರಾವಣಿ ಕಾಗದವನ್ನು ಮಡಿಸಿಕೊಂಡಳು. ಬಂದು ನನ್ನ ಮುಂದೆ ಕೂತಳು. ಹಳೆಯ ಕರಡನ್ನು ಹರಿದು ಹೊಸದಾಗಿ ಶುರುಮಾಡಿದಳು: 'ನಾನು ಬರೆಯುತ್ತಿರುವ ರಟ್ಟಿನ ಮೇಲೆ ನನಗಿಂತ ಮೊದಲು ಒಬ್ಬಳು ಬರೆದಿದ್ದಾಳೆ.' ಕುಳಿ ಬಂದಲ್ಲಿ ಪೆನ್ನನ್ನು ನಿಧಾನ ಮಾಡಿ, ಅದರ ಅಂಚು ಹಿಡಿದು ದಾಟಿದಳು. ಎಲ್ಲಿಯೂ ಹೆರೆಯುವ ಪ್ರಸಂಗ ಬರಲಿಲ್ಲ.

ಮರುದಿನ ಬೆಳಿಗ್ಗೆ ಲಕೋಟೆಯನ್ನು ನನಗೆ ಸಿಕ್ಕಿಸಿಕೊಂಡು ಹೊರಟಾಗ ದೇವೇಂದ್ರ ಬಾಗಿಲಲ್ಲಿ ಕೈ ಚಾಚಿದ.

"ಕೊಡು. ಹಾಕಿ ಬರ್ತೀನಿ."

ಅವಳು ಆ ಕೈಯನ್ನು ನೋಡಿದಳು.

"ಬ್ಯಾಡಪಾ. ನಾನ ಹಾಕ್ತೀನಿ."

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಅಂಚೆ ಕಚೇರಿಯವರೆಗೂ ಹತ್ತು ಹೆಜ್ಜೆ ಹಿಂದೆ ನಡೆದು ಬಂದ. ಲಕೋಟೆ ಒಳಗೆ ಹೋಗುವ ತನಕ ಹೊರಗಿನ ಮೆಟ್ಟಿಲ ಮೇಲೆ ನಿಂತಿದ್ದ.

ಕಾಲೇಜಿನವರು ಕರೆದರು. ಶ್ರಾವಣಿ ಹೋಗಿ ಎರಡು ವರ್ಷವಾಯಿತು. ನನ್ನನ್ನು ಒಯ್ಯಲಿಲ್ಲ, ಉಜ್ಜಿದ ಕಾಗದವನ್ನು ಒಯ್ದಳು.

ನಾನೀಗ ಮಗ್ಗದ ಕೋಣೆಯ ಗೂಡಿನಲ್ಲಿದ್ದೇನೆ. ಕ್ಲಿಪ್ಪು ತುಕ್ಕು ಹಿಡಿದು ಬಾಯಿ ಕಚ್ಚಿಕೊಂಡಿದೆ. ಮೂಲೆಗಳು ಉಬ್ಬಿವೆ. ಮಧ್ಯಾಹ್ನ ಮಗ್ಗ ನಿಂತಾಗ ದೇವೇಂದ್ರ ಒಮ್ಮೊಮ್ಮೆ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಸವರುತ್ತಾನೆ. ಈಗ ಮಗುಚುವುದಿಲ್ಲ. ಬೆರಳು ನಾಲ್ಕನೆಯ ಸಾಲಿಗೆ ಬಂದು ಕುಳಿಯಲ್ಲಿ ನಿಲ್ಲುತ್ತದೆ. ಅಲ್ಲಿ ಅವಳು ಬರೆದದ್ದು ಎರಡು ಅಕ್ಷರ. ಮೊದಲನೆಯದನ್ನು ಅವಳು ಒತ್ತಿರಲಿಲ್ಲ, ಅದು ಸವೆದುಹೋಗಿದೆ. ಅದನ್ನು ಅವನೇ ಹೇಳಬೇಕು.

"ಬನಿ, ನಾ..." ಅನ್ನುತ್ತಾನೆ.

ಅಷ್ಟಕ್ಕೆ ಅವನ ಬಾಯಿ ನಿಲ್ಲುತ್ತದೆ. ಉಳಿದದ್ದು ಅವನ ಹೆಬ್ಬೆರಳಿನ ಕೆಳಗಿದೆ.