ಡ್ರಮ್ಮಿನ ಒಲೆ

ರಾತ್ರಿ ಪಾಳಿ ಮುಗಿಸಿ ಮನೆಗೆ ಬಂದವಳಿಗೆ ಚಪ್ಪಲಿ ಬಿಚ್ಚುವುದಕ್ಕೂ ತ್ರಾಣವಿರಲಿಲ್ಲ. ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಅವಳ ಕೆಲಸ. ಒದ್ದೆ ಹಾಸುಬಟ್ಟೆಯನ್ನು ಇಸ್ತ್ರಿ ಮಾಡುವ ಕಾದ ರೋಲರಿನ ಬಾಯಿಗೆ ಕೊಡಬೇಕು, ಆ ಕಡೆ ಇನ್ನೊಬ್ಬಳು ಹಿಡಿದೆಳೆಯಬೇಕು, ಇಬ್ಬರೂ ಸೇರಿ ಮಡಿಸಬೇಕು. ಆ ವಾರ ಹೋಟೆಲಿನ ಕೋಣೆಗಳೆಲ್ಲ ತುಂಬಿದ್ದವು. ಇನ್ನೊಬ್ಬಳು ಜ್ವರವೆಂದು ಮಲಗಿದ್ದಳು. ಈ ಕಡೆ ಕೊಟ್ಟು ಆ ಕಡೆ ಓಡಿ ಹಿಡಿದು, ಬೆಳಗಾಗುವ ಹೊತ್ತಿಗೆ ಸೊಂಟ ತನ್ನದೋ ಪರರದೋ ಎನ್ನುವಂತಾಗಿತ್ತು. ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಅವಳು ನೆನೆಸಿಕೊಂಡದ್ದು ಒಂದೇ. ಮನೆ ಸೇರುವುದು, ಪರದೆ ಎಳೆಯುವುದು, ಹೊತ್ತು ಮುಳುಗುವವರೆಗೆ ಹೆಣದ ಹಾಗೆ ಬಿದ್ದುಕೊಳ್ಳುವುದು.

ಅಡುಗೆಮನೆಯಲ್ಲಿ ಗಂಡ ಕಾಯುತ್ತಾ ಕೂತಿದ್ದ. ಗಡ್ಡ ಹೆರೆದುಕೊಂಡಿದ್ದ. ಮಡಿಕೆ ಮುರಿಯದ ಅಂಗಿ ತೊಟ್ಟಿದ್ದ. ಅವಳಿಗೆ ಆಗಲೇ ಅನುಮಾನ ಬಂತು.

"ತಮ್ಮ ಫೋನ್ ಮಾಡಿದ್ದ," ಎಂದ. "ಇವತ್ತು ಬರ್ತಾರಂತೆ. ಮಾಂಸ ಅವರೇ ತರ್ತಾರಂತೆ. ಮೊದಲಿನ ಹಾಗೆ ಹಿತ್ತಿಲಲ್ಲಿ ಸುಟ್ಟು ತಿನ್ನೋಣ ಅಂದ."

"ನೀವೇನಂದ್ರಿ?"

"ಬಾ ಅಂದೆ."

ಅವಳು ಬಾಗಿಲಿಗೆ ಒರಗಿ ನಿಂತಳು. "ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ ನಿಮಗೆ?"

"ಕೆಲಸದಲ್ಲಿದ್ಯಲ್ಲ, ಯಾಕೆ ತೊಂದರೆ ಕೊಡೋದು ಅಂತ. ಒಲೆ ಅವನೇ ಹಚ್ತಾನಂತೆ. ನೀನೇನೂ ಮಾಡೋದು ಬೇಡ, ಮಲಕ್ಕೊ."

ಮನೆಗೆ ನೆಂಟರು ಬರುವಾಗ ಯಾವ ಹೆಂಗಸು ಮಲಗಿಯಾಳು! ಅವಳು ಮುಖ ತೊಳೆದುಕೊಂಡು ಪೊರಕೆ ಹಿಡಿದಳು.

ಗಂಡ ಎರಕದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ನಿಂತು ವಯಸ್ಸು ಸವೆಸಿದವನು. ಅಲ್ಲಿ ಅವನನ್ನು ಎಲ್ಲರೂ ಬೆಂಕಿಯಣ್ಣ ಎನ್ನುತ್ತಿದ್ದರು. ಹಿತ್ತಿಲಿನ ಒಲೆಯೂ ಅವನದೇ ಕೈಕೆಲಸ. ಕಬ್ಬಿಣದ ಡ್ರಮ್ಮನ್ನು ಉದ್ದಕ್ಕೆ ಸೀಳಿ, ನಾಲ್ಕು ಕಾಲು ಬೆಸೆದು, ಮೇಲೊಂದು ಜಾಲರಿ ಕೂರಿಸಿದ್ದ. ಬಿಡುವಿನ ದಿನ ನೆಂಟರಿಷ್ಟರು ಸೇರಿದರೆ ಡ್ರಮ್ಮಿನ ಮುಂದೆ ಅವನದೇ ರಾಜ್ಯಭಾರ. ಇಕ್ಕಳವನ್ನು ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ತಟ್ಟೆ ತರುವುದು, ಆಮೇಲೆ ಅವನ್ನೆಲ್ಲ ತಿಕ್ಕಿ ತೊಳೆಯುವುದು ಮಾತ್ರ ಅವಳ ಪಾಲಿನದು.

ಅಚ್ಚಿನ ಮರಳಿನ ಧೂಳು ಅವನ ಪುಪ್ಪುಸದಲ್ಲಿ ಕೂತಿದೆ ಎಂದು ಡಾಕ್ಟರು ಹೇಳಿದ ಮೇಲೆ ಕೆಲಸ ಹೋಯಿತು, ಒಲೆಯೂ ಹೋಯಿತು. ಡ್ರಮ್ಮು ಶೆಡ್ಡಿನ ಹಿಂದೆ ಕವುಚಿ ಬಿತ್ತು. ಹೊಗೆ, ಧೂಳು ಹತ್ತಿರ ಸುಳಿಯಬಾರದು ಎಂದಿದ್ದರು ಡಾಕ್ಟರು. ಅವಳು ಅದಕ್ಕೆ ತನ್ನದೂ ನಾಲ್ಕು ಸೇರಿಸಿದಳು. ಚೀಲ ಎತ್ತಬೇಡಿ, ಮೆಟ್ಟಿಲು ಹತ್ತಬೇಡಿ, ಪಾತ್ರೆ ಮುಟ್ಟಬೇಡಿ. "ನೀವು ಸುಮ್ನೆ ಕೂತ್ಕೊಳ್ಳಿ" ಎನ್ನುವುದು ಆ ಮನೆಯಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಮಾತಾಗಿತ್ತು. ಅವನು ಸುಮ್ಮನೆ ಕೂತ. ಅವಳು ಓಡಾಡಿದಳು.

ಮೈದುನ ಬಂದಾಗ ಬಿಸಿಲು ಏರಿತ್ತು. ಅವನು ಲಾರಿ ಡ್ರೈವರು. ದೂರದೂರಿನಿಂದ ರಾತ್ರಿಯೆಲ್ಲ ಗಾಡಿ ಓಡಿಸಿಕೊಂಡು ಬಂದವನು, ಮನೆಗೆ ಹೋಗಿ ಹೆಂಡತಿ ಮಗುವನ್ನು ಹತ್ತಿಸಿಕೊಂಡು ನೇರ ಇಲ್ಲಿಗೇ ಬಂದಿದ್ದ. ಕಣ್ಣುಗಳು ಕೆಂಡವಾಗಿದ್ದವು. ಕೋಳಿ ತೊಡೆಗಳ ಚೀಲವನ್ನು ಅತ್ತಿಗೆಯ ಕೈಗಿತ್ತು, ಹಜಾರದ ಸೋಫಾ ಕಂಡವನೇ ಕೂತ.

"ಐದೇ ನಿಮಿಷ ಬೆನ್ನು ಚಾಚ್ತೀನಿ ಅತ್ತಿಗೆ. ಆಮೇಲೆ ನೋಡಿ ನನ್ನ ಕೈಚಳಕ."

ಮಾತು ಮುಗಿಯುವುದಕ್ಕೂ ಗೊರಕೆ ಶುರುವಾಗುವುದಕ್ಕೂ ಸರಿಹೋಯಿತು.

ಅವನ ಹೆಂಡತಿಯ ಸೊಂಟದ ಮೇಲೆ ಮಗು. ಅದಕ್ಕೆ ಹಲ್ಲು ಮೂಡುತ್ತಿದ್ದ ಕಾಲ, ಇಳಿಸಿದರೆ ಸಾಕು ರಂಪ. ಅವಳು ನಾಚಿಕೊಂಡು, "ಎಬ್ಬಿಸ್ಲಾ ಅಕ್ಕ? ಎರಡು ಕೊಟ್ಟು ಎಬ್ಬಿಸ್ತೀನಿ," ಎಂದಳು.

ಮೈದುನ ಬೂಟನ್ನೂ ಬಿಚ್ಚಿರಲಿಲ್ಲ. ಬಾಯಿ ಅರ್ಧ ತೆರೆದಿತ್ತು, ಒಂದು ಕೈ ನೆಲ ಮುಟ್ಟುವಂತೆ ಜೋತುಬಿದ್ದಿತ್ತು. ಆ ಬಗೆಯ ನಿದ್ದೆ ಏನೆಂಬುದು ರಾತ್ರಿ ಪಾಳಿಯ ಅತ್ತಿಗೆಗೆ ಗೊತ್ತಿತ್ತು. ಹೊಟ್ಟೆಕಿಚ್ಚೂ ಆಯಿತು, ಅಯ್ಯೋ ಎಂದೂ ಅನ್ನಿಸಿತು.

"ಬೇಡ ಬಿಡು, ಮಲಗ್ಲಿ," ಎಂದಳು. "ಒಲೆ ಹಚ್ಚೋದು ಏನು ಮಹಾ ವಿದ್ಯೆ?"

ಮಹಾ ವಿದ್ಯೆಯೇ ಎಂಬುದು ಹಿತ್ತಿಲಿಗೆ ಇಳಿದ ಮೇಲೆ ತಿಳಿಯಿತು.

ಮೊದಲು ಹೊಗೆ ಒಳಗೆ ನುಗ್ಗದ ಹಾಗೆ ಅಡುಗೆಮನೆ ಕಿಟಕಿಯ ಸಂದಿಗೆಲ್ಲ ಟೇಪು ಅಂಟಿಸಿದಳು. ಹಿಂಬಾಗಿಲ ಅಡಿಗೆ ಒದ್ದೆ ಟವೆಲು ತುರುಕಿದಳು. ಆಮೇಲೆ ಡ್ರಮ್ಮನ್ನು ಎಳೆದು ನಿಲ್ಲಿಸಿ ಜೇಡರ ಬಲೆ ಒರೆಸಿದಳು. ಶೆಡ್ಡಿನಲ್ಲಿದ್ದ ಇದ್ದಿಲಿನ ಚೀಲದ ತಳ ತೇವ ಹಿಡಿದಿತ್ತು. ಕಾಗದ ಮುದುರಿ ಇಟ್ಟು, ಮೇಲೆ ಬೊಗಸೆ ಬೊಗಸೆ ಇದ್ದಿಲು ಸುರಿದು ಕಡ್ಡಿ ಗೀರಿದಳು. ಕಾಗದ ಭಗ್ಗೆಂದಿತು. ಇದ್ದಿಲು ಕಪ್ಪಗೆ ಕೂತಲ್ಲೇ ಕೂತಿತ್ತು. ಇನ್ನೊಂದು ಸಲ ಹಚ್ಚಿದಳು. ಈ ಸಲ ದಟ್ಟ ಹೊಗೆ ಎದ್ದು ಮುಖಕ್ಕೇ ಬಡಿಯಿತು. ಕಣ್ಣಲ್ಲಿ ನೀರು ಸುರಿಯಿತು.

ಸೊಂಟದಲ್ಲಿ ಸಿಕ್ಕಿಸಿದ್ದ ಫೋನು ಬಡಿದುಕೊಂಡಿತು. ನೋಡಿದರೆ ಗಂಡ. ತಲೆಯೆತ್ತಿದಳು. ಕಿಟಕಿಯ ಗಾಜಿನ ಹಿಂದೆ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಫೋನು ಕಿವಿಗಿಟ್ಟುಕೊಂಡು ನಿಂತಿದ್ದ. ಕೂಗುವುದಕ್ಕೆ ಅವನಲ್ಲಿ ಉಸಿರಿರಲಿಲ್ಲ.

"ಇದ್ದಿಲು ಒತ್ತಿಬಿಟ್ಟಿದೀಯ," ಎಂದ. ಉಸಿರು ಸಿಕ್ಕಷ್ಟು ಮಾತು, ಸಿಗದಲ್ಲಿ ನಿಲುಗಡೆ. "ಗಾಳಿ... ಆಡ್ಬೇಕು."

"ಆಡ್ಲಿ ಅಂತಲೇ ಬೀಸ್ತಾ ಇದೀನಿ."

"ಬೀಸೋದು ಈಗಲ್ಲ. ಶೆಡ್ಡಲ್ಲಿ ಎಣ್ಣೆ ಡಬ್ಬ ಇದೆ ನೋಡು. ಎರಡೂ ಕಡೆ... ಬಾಯಿ ಕೊಯ್ದಿರೋದು. ಅದನ್ನ ನಿಲ್ಸಿ... ಒಳಗೆ ಇದ್ದಿಲು ತುಂಬು. ಅಡಿಯಿಂದ ಹಚ್ಚು."

ಆ ಡಬ್ಬ ಅವಳಿಗೆ ನೆನಪಿತ್ತು. ಹಿಂದಿನ ವರ್ಷ ಶೆಡ್ಡು ಗುಡಿಸುವಾಗ ಹಳೆಯ ಕಬ್ಬಿಣದ ಜೊತೆ ಅದನ್ನೂ ಎತ್ತಿ ಹಾಕಿದ್ದಳು.

"ಸಿಕ್ತಾ?"

"ಗುಜರಿಯವನಿಗೆ ಕೊಟ್ಟುಬಿಟ್ಟೆ."

"ಯಾಕೆ?"

"ಇನ್ನು ಬೇಕಾಗಲ್ಲ ಅಂದ್ಕೊಂಡೆ."

ಬಾಯಿಂದ ಬಿದ್ದ ಮೇಲೆ ಅದು ಎಂಥ ಮಾತೆಂದು ಅವಳಿಗೆ ಹೊಳೆಯಿತು. ಗಾಜಿನಾಚೆ ಅವನು ಅಲುಗಾಡದೆ ನಿಂತಿದ್ದ.

"ಅಂದ್ರೆ ನಾನು ಆಗ್ಲೇ ಸತ್ತೆ ಅಂತ ಲೆಕ್ಕ ಹಾಕ್ಕೊಂಡಿದ್ದೆ ನೀನು."

ಬೇರೆ ದಿನವಾಗಿದ್ದರೆ ಅವಳು ತಪ್ಪಾಯಿತು ಎನ್ನುತ್ತಿದ್ದಳು, ಬಿಡ್ತು ಅನ್ನಿ ಎನ್ನುತ್ತಿದ್ದಳು. ಆದರೆ ಸೊಂಟ ಸೀಳುತ್ತಿತ್ತು, ಕಣ್ಣು ಉರಿಯುತ್ತಿತ್ತು, ಒಳಗಿನಿಂದ ಮೈದುನನ ಗೊರಕೆ ಬೇರೆ ಕೇಳುತ್ತಿತ್ತು.

"ಲೆಕ್ಕ ಹಾಕೋಕೆ ನನಗೆಲ್ಲಿದೆ ಪುರಸೊತ್ತು?" ಎಂದಳು. ದನಿ ತಾನಾಗಿ ಏರಿತು. "ಬಾ ಅಂದೋರು ನೀವು. ಮಾಡೋಳು ನಾನು. ರಾತ್ರಿಯೆಲ್ಲ ನಿಂತು ಬಂದಿದೀನಿ. ಮಲಗಿದೆಯಾ, ತಿಂದೆಯಾ ಅಂತ ಕೇಳೋರಿಲ್ಲ. ಈಗ ಡಬ್ಬ ಎಲ್ಲಿ ಅಂತ ನನಗೇ ಜೋರು ಮಾಡ್ತೀರಾ! ನಾನೂ ಮನುಷ್ಯಳೇ ಕಣ್ರೀ. ಆ ರೋಲರಿಗೂ ರಾತ್ರಿ ಒಂದು ಗಂಟೆ ಹೊತ್ತು ಆರಿಸಿ ಬಿಡುವು ಕೊಡ್ತಾರೆ."

ಫೋನು ಕಟ್ ಮಾಡಿ ಸೊಂಟಕ್ಕೆ ತುರುಕಿದಳು. ಅದು ಮತ್ತೆ ಬಡಿದುಕೊಂಡಿತು. ಎತ್ತಲಿಲ್ಲ. ಕಿಟಕಿಗೆ ಬೆನ್ನು ತಿರುಗಿಸಿ ನಿಂತಳು. ಬಡಿದುಕೊಂಡು ಬಡಿದುಕೊಂಡು ಅದೂ ತೆಪ್ಪಗಾಯಿತು.

ಡ್ರಮ್ಮಿನ ಅಂಚು ಹಿಡಿದುಕೊಂಡಳು. ಎಲ್ಲ ಬಿಟ್ಟು ಅಲ್ಲೇ ಕಲ್ಲಿನ ಮೇಲೆ ಮಲಗಿಬಿಡೋಣ ಎನ್ನಿಸಿತು. ಮಾಂಸ ಒಳಗೆ ಕೂತಿತ್ತು, ನೆಂಟರು ಒಳಗೆ ಕೂತಿದ್ದರು. ಮೂಗು ಒರೆಸಿಕೊಂಡಳು. ಮೂಗಿಗೂ ಮಸಿ.

ಗಾಳಿ ಆಡಬೇಕು ಎಂದಿದ್ದನಲ್ಲ. ಅದು ಅವಳಿಗೆ ತಿಳಿಯದ ಮಾತೇನಲ್ಲ. ಲಾಂಡ್ರಿಯ ಒಣಗಿಸುವ ಯಂತ್ರಕ್ಕೆ ಹೊಸಬರು ಆಸೆಬುರುಕರ ಹಾಗೆ ಬಟ್ಟೆ ತುರುಕುತ್ತಾರೆ; ಎಷ್ಟು ಹೊತ್ತು ತಿರುಗಿದರೂ ನಡುವಿನದು ಒದ್ದೆಯೇ ಉಳಿಯುತ್ತದೆ. ಬೇಲಿಯ ಬಳಿ ತಳ ತುಕ್ಕು ತಿಂದು ಜರಡಿಯಾದ ಬಕೆಟ್ಟೊಂದು ಬಿದ್ದಿತ್ತು. ತಂದು ಡ್ರಮ್ಮಿನೊಳಗೆ ಎರಡು ಕಲ್ಲುಗಳ ಮೇಲೆ ನಿಲ್ಲಿಸಿದಳು. ಚೀಲದ ಮೇಲುಭಾಗದ ಒಣ ಇದ್ದಿಲನ್ನು ಮಾತ್ರ ಆರಿಸಿ, ಒಂದರ ಮೇಲೊಂದು ಸಡಿಲವಾಗಿ ಜೋಡಿಸಿದಳು. ಕಲ್ಲುಗಳ ಸಂದಿಯಲ್ಲಿ ಕಾಗದ ತೂರಿಸಿ ಕಡ್ಡಿ ಗೀರಿದಳು.

ಮೊದಲು ಹೊಗೆ. ಆಮೇಲೆ ಹೊಗೆ ತೆಳುವಾಯಿತು. ಬಕೆಟ್ಟಿನೊಳಗೆ ಚಟಪಟ ಸದ್ದು ಹುಟ್ಟಿತು. ಬಗ್ಗಿ ನೋಡಿದರೆ ತಳದಲ್ಲಿ ಒಂದು ತುಂಡಿನ ಅಂಚು ಕೆಂಪಗಾಗಿತ್ತು, ಅದರ ಪಕ್ಕದ್ದೂ. ರಟ್ಟು ಹಿಡಿದು ಮೆಲ್ಲಗೆ ಬೀಸಿದಳು. ಮೇಲಿನ ಇದ್ದಿಲಿನ ಮೇಲೆ ಬೂದಿಯ ಬಿಳುಪು ಕೂರುವವರೆಗೆ ಕಾಯಬೇಕೆಂಬುದು ಎಷ್ಟೋ ಸಲ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತದ್ದರಿಂದ ಗೊತ್ತಿತ್ತು.

ತೋರಿಸೋಣವೆಂದು ತಿರುಗಿದಳು. ಕಿಟಕಿ ಖಾಲಿಯಿತ್ತು.

ಕೋಪ ಮಾಡಿಕೊಂಡು ಒಳಗೆ ಹೋಗಿರಬೇಕು ಎಂದುಕೊಂಡಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದಳು. ಈಗಲೂ ಖಾಲಿ. ತಾನೇ ಅವನಿಗೆ ಫೋನು ಮಾಡಿದಳು. ಒಳಗೆಲ್ಲೋ ಬಡಿದುಕೊಂಡಿತು, ಯಾರೂ ಎತ್ತಲಿಲ್ಲ. ಮಾತು ಹೆಚ್ಚಾದರೆ ಅವನಿಗೆ ಕೆಮ್ಮು ಹತ್ತುತ್ತದೆ. ಕೆಮ್ಮು ಹತ್ತಿದರೆ ಕಣ್ಣು ಕತ್ತಲಿಡುತ್ತದೆ. ಒಮ್ಮೆ ಬಚ್ಚಲಲ್ಲಿ ಬಿದ್ದೇ ಹೋಗಿದ್ದ. ಟವೆಲನ್ನು ಕಾಲಿನಿಂದ ತಳ್ಳಿ ಬಾಗಿಲು ದೂಡಿದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಉಟ್ಟ ಬಟ್ಟೆಯೆಲ್ಲ ಹೊಗೆ ನಾರುತ್ತಿತ್ತು.

"ರೀ! ರೀ, ಎಲ್ಲಿದೀರಿ?"

"ಇಲ್ಲೇ. ಬಾಗಿಲು ಹಾಕು, ಹೊಗೆ."

ಬಾಗಿಲ ಮರೆಯ ಮೇಜಿನ ಮುಂದೆ ಕೂತಿದ್ದ. ಎದುರಿಗೆ ಹೆಚ್ಚಿದ ಈರುಳ್ಳಿಯ ರಾಶಿ. ಕೋಳಿ ತೊಡೆಗಳಿಗೆ ಉಪ್ಪು, ಮೆಣಸು, ನಿಂಬೆರಸ ಸವರಿ ತಟ್ಟೆಯಲ್ಲಿ ಸಾಲಾಗಿ ಇಟ್ಟಿದ್ದ. ಕೈಯೆಲ್ಲ ಮಸಾಲೆಯಾಗಿ ಫೋನು ಎತ್ತಿರಲಿಲ್ಲ. ಉಸಿರು ಏರಿತ್ತು, ಹಣೆಯಲ್ಲಿ ಬೆವರು ನಿಂತಿತ್ತು, ಕೈ ಮಾತ್ರ ಚಾಕುವನ್ನು ಬಿಟ್ಟಿರಲಿಲ್ಲ.

"ಯಾರು ಹೇಳಿದ್ರು ನಿಮಗೆ ಇದೆಲ್ಲ ಮಾಡೋಕೆ? ಸುಮ್ನೆ ಕೂತ್ಕೊಳ್ಳೋಕೆ..."

"ಹೊಗೆ ಬೇಡ ಅಂದ್ರು ಡಾಕ್ಟರು," ಎಂದ ಅವನು, ತಲೆಯೆತ್ತದೆ. "ಈರುಳ್ಳಿ ಬೇಡ ಅಂದಿಲ್ಲ. ಅದನ್ನ ಸೇರಿಸಿದ್ದು ನೀನು."

ನಿಜಕ್ಕೂ ಅದನ್ನು ಸೇರಿಸಿದ್ದು ಅವಳೇ. ಅಂದು ಬಚ್ಚಲಲ್ಲಿ ಬಿದ್ದವನನ್ನು ಎತ್ತಿ ಕೂರಿಸಿದ ದಿನದಿಂದ, ಹೆದರಿಕೆಗೆ, ಒಂದೊಂದಾಗಿ ಅವನ ಕೈಯಿಂದ ಎಲ್ಲವನ್ನೂ ಕಿತ್ತುಕೊಂಡು ತನ್ನ ತಲೆಯ ಮೇಲೆ ಹೇರಿಕೊಂಡಿದ್ದಳು. ತಟ್ಟೆ ಎತ್ತಿಕೊಂಡು ಬಾಗಿಲೆಳೆದಳು.

ಕೆಂಡ ಸುರಿದು, ಜಾಲರಿ ಇಟ್ಟು, ತೊಡೆಗಳನ್ನು ಹರಡಿದಳು. ಕೊಬ್ಬು ತೊಟ್ಟಿಕ್ಕಿ ಜ್ವಾಲೆ ಎದ್ದಿತು. ನೋಡನೋಡುತ್ತಾ ಮೇಲ್ಮೈ ಕರ್ರಗಾಯಿತು; ಒಂದನ್ನು ಸೀಳಿ ನೋಡಿದರೆ ಮೂಳೆಯ ಹತ್ತಿರ ಹಸಿ. ಸೀಳಿದ ತುಂಡನ್ನು ಹಾಗೇ ಹಿಡಿದುಕೊಂಡು ಕಿಟಕಿಯ ಬಳಿ ಹೋದಳು. ಅವನು ಆಗಲೇ ಬಂದು ನಿಂತಿದ್ದ. ಕಣ್ಣು ಕಿರಿದು ಮಾಡಿ ನೋಡಿದ. ಆಮೇಲೆ ಎರಡೂ ಅಂಗೈಗಳನ್ನು ಗಾಜಿನ ಮೇಲಿಟ್ಟು ಒಂದೇ ಕಡೆಗೆ ಸರಿಸಿದ. ಕೆಂಡ ಒಂದು ಬದಿಗೆ, ಮಾಂಸ ಇನ್ನೊಂದು ಬದಿಗೆ. ಅವಳಿಗೆ ಹೇಳದೆಯೇ ಅರ್ಥವಾಯಿತು.

ಅದಾದ ಮೇಲೆ ಹದವಾಗಿ ಬೆಂದಿತು. ತೊಡೆಗಳ ನಡುವೆ ಮುಸುಕಿನ ಜೋಳದ ತೆನೆಗಳನ್ನೂ ಇಟ್ಟಳು. ಹಸಿದ ಹೊಟ್ಟೆಗೆ ಆ ವಾಸನೆ ತಟ್ಟಿ, ಬೆಳಗ್ಗಿನಿಂದ ತಾನು ಒಂದು ಲೋಟ ನೀರನ್ನೂ ಕುಡಿದಿಲ್ಲವೆಂಬುದು ಆಗ ನೆನಪಾಯಿತು.

ವಾಸನೆಯೇ ಮೈದುನನನ್ನು ಎಬ್ಬಿಸಿತು. ಕೆದರಿದ ಕೂದಲಿನಲ್ಲಿ, ತಲೆ ತಗ್ಗಿಸಿಕೊಂಡು ಬಂದು ಅಡುಗೆಮನೆಯ ಮೇಜಿಗೆ ಕೂತ. ಒಂದು ತೊಡೆ ಮುಗಿಸಿ ಬೆರಳು ನೆಕ್ಕುತ್ತಾ, "ಏನೇ ಆಗ್ಲಿ, ಅಣ್ಣನ ಕೈರುಚಿ ಅಣ್ಣಂದೇ," ಎಂದ.

"ನಿದ್ದೆಗಣ್ಣು ನಿಂಗಿನ್ನೂ," ಎಂದ ಗಂಡ. "ನಾನು ಈರುಳ್ಳಿ ಹೆಚ್ಚಿದೆ, ಉಪ್ಪು ಸವರಿದೆ. ಬೆಂಕಿ ನಿಮ್ಮತ್ತಿಗೇದು."

"ಮೊದಲನೇ ಸರದಿ ಕರಕಾಗಿದ್ದೂ ನಂದೇ," ಎಂದಳು ಅವಳು, ಮೈದುನನ ಕಡೆ ತಿರುಗಿ. "ಅದನ್ನ ನಿಮಗೇ ಅಂತ ಎತ್ತಿಟ್ಟಿದೀನಿ, ಐದು ನಿಮಿಷದ ಕೈಚಳಕಕ್ಕೆ."

ಮೈದುನನ ಹೆಂಡತಿ ಕಿಲಕಿಲ ನಕ್ಕಳು. ಮಗು ಜೋಳದ ತೆನೆಯನ್ನು ಕಚ್ಚುತ್ತಾ ಆ ದಿನ ಮೊದಲ ಬಾರಿಗೆ ಅಳು ನಿಲ್ಲಿಸಿತ್ತು. ಹೊಗೆಯ ಬಟ್ಟೆಯಾದ್ದರಿಂದ ಅವಳು ಗಂಡನಿಂದ ದೂರಕ್ಕೆ, ಬಾಗಿಲ ಹತ್ತಿರದ ಮಣೆಯ ಮೇಲೆ ಕೂತೇ ಉಂಡಳು.

ನೆಂಟರು ಹೊರಟ ಮೇಲೆ ಮನೆ ಒಮ್ಮೆಲೇ ನಿಶ್ಶಬ್ದವಾಯಿತು. ಸ್ನಾನ ಮಾಡದೆ ಮಲಗುವ ಕೋಣೆಗೆ ಹೋಗುವಂತಿರಲಿಲ್ಲ; ಸ್ನಾನ ಮಾಡುವ ಶಕ್ತಿ ಇರಲಿಲ್ಲ. ಹಜಾರದ ಸೋಫಾದ ಮೇಲೆ ಹಾಗೇ ಉರುಳಿದಳು. ಗಂಡ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ.

"ಡಬ್ಬ ಕೊಟ್ಟಿದ್ದು ತಪ್ಪಾಯ್ತು," ಎಂದಳು, ಕಣ್ಣು ಮುಚ್ಚಿಕೊಂಡೇ.

"ಹೋಗ್ಲಿ ಬಿಡು." ಅವನು ಉಸಿರು ತೆಗೆದುಕೊಂಡ. "ನಾನೂ ಹಾಗೇ ಅಂದ್ಕೊಂಡಿದ್ದೆ. ಇನ್ನು ಬೇಕಾಗಲ್ಲ ಅಂತ. ಅದಕ್ಕೇ... ಅವನು ಕೇಳಿದ ತಕ್ಷಣ ಬಾ ಅಂದೆ. ನಿನ್ನನ್ನ ಕೇಳಿದ್ರೆ ಬೇಡ ಅಂತಿದ್ದೆ."

"ಅಂತಿದ್ದೆ."

"ಮುಂದಿನ ಸಲ ಕೇಳ್ತೀನಿ."

"ಹೂಂ. ಕೇಳಿ."

ಅವನು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ನಲ್ಲಿ ಬಿಟ್ಟ ಸದ್ದು, ತಟ್ಟೆಯೊಂದನ್ನು ತಿಕ್ಕುವ ಸದ್ದು. ಆಮೇಲೆ ಸದ್ದಿಲ್ಲ. ಸಿಂಕಿನ ಅಂಚು ಹಿಡಿದು ಸುಧಾರಿಸಿಕೊಳ್ಳುತ್ತಿದ್ದಾನೆಂದು ಮಲಗಿದಲ್ಲಿಂದಲೇ ತಿಳಿಯುತ್ತಿತ್ತು. ಮತ್ತೆ ನಲ್ಲಿ, ಮತ್ತೊಂದು ತಟ್ಟೆ. ಹೀಗೆ ತೊಳೆದರೆ ಮುಗಿಯುವಷ್ಟರಲ್ಲಿ ಸಂಜೆಯಾಗುತ್ತದೆ. ಜಿಡ್ಡೂ ಪೂರ್ತಿ ಹೋಗಿರುವುದಿಲ್ಲ. ಬಿಡಿ, ನಾನು ಮಾಡ್ತೀನಿ ಎನ್ನುವ ಮಾತು ನಾಲಿಗೆಯ ತುದಿಯವರೆಗೂ ಬಂತು.

ಅವಳು ಅದನ್ನು ನುಂಗಿಕೊಂಡು, ಗೋಡೆಯ ಕಡೆಗೆ ಮಗ್ಗುಲು ಬದಲಿಸಿದಳು.