ಕಾರ್ಡಿನಲ್ಲಿ ಆರು ತೂತು

ನಾಳೆಗೆ ಯಾವ ಚಿತ್ರವೂ ಬೇಡವೆಂದು ಮಗಳು ಫೋನಿನಲ್ಲಿ ಒತ್ತಿ ಹೇಳಿದ್ದರೂ, ಬೋರ್ಡು ಬರೆಯುವವನು ಶುಕ್ರವಾರ ಸಂಜೆ ಕುಕ್ಕರಗಾಲಿನಲ್ಲಿ ಕೂತು ಒಂದು ಮೊಸಳೆಗೆ ಹಲ್ಲು ಕೂರಿಸುತ್ತಿದ್ದ. ಅಂಗೈಯಗಲದ ದಪ್ಪ ಕಾಗದ, ಅದರ ತುಂಬ ಬಾಯಿ ತೆರೆದುಕೊಂಡ ಮೊಸಳೆ, ಗಂಟಲಿನಲ್ಲಿ ಕಾಸಿನಗಲದ ಕಪ್ಪು ಚುಕ್ಕೆ. ಗುಂಡು ಚುಕ್ಕೆಗೆ ತಾಗಿದರೆ ಮೊಸಳೆ ನುಂಗಿದ ಹಾಗೆ, ಪಕ್ಕಕ್ಕೆ ಹೋದರೆ ಹಲ್ಲು ಉದುರಿದ ಹಾಗೆ. ಹೇಗೆ ಹೊಡೆದರೂ ನಗುವಿಗೆ ಮೋಸವಿಲ್ಲ.

ನಾಳೆಯ ಶೂಟಿಂಗ್ ಸ್ಪರ್ಧೆಗೆ ಅಚ್ಚಾದ ಕಾರ್ಡೇ ಆಗಬೇಕು, ಅಲ್ಲಿ ಮೊಸಳೆ ನಡೆಯುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ಆದರೆ ನಾಲ್ಕು ವರ್ಷದಿಂದ ಶುಕ್ರವಾರ ಸಂಜೆ ಎಂದರೆ ಇದೇ ಕೆಲಸ. ಬೇಡ ಎಂದರೆ ಕೈ ಕೇಳಬೇಕಲ್ಲ.

ಅವನೂ ಹೆಂಡತಿಯೂ ಬೇರೆಯಾದಾಗ ಮಗಳಿಗೆ ಹತ್ತು ವರ್ಷ. ಯಾರ ತಪ್ಪು ಎಷ್ಟು ಎಂದು ಅಳೆದು ಸುರಿದು ಎಲ್ಲ ಮುಗಿದ ಮೇಲೆ ಅವನ ಪಾಲಿಗೆ ಉಳಿದದ್ದು ಶನಿವಾರ ಮಧ್ಯಾಹ್ನ ಎರಡರಿಂದ ಆರು. ಆ ನಾಲ್ಕು ಗಂಟೆಗಾಗಿ ಅವನು ವಾರವೆಲ್ಲ ಕಾಯುತ್ತಿದ್ದ, ಬಂದಾಗ ಏನು ಮಾಡುವುದೆಂದು ತಿಳಿಯದೆ ಒದ್ದಾಡುತ್ತಿದ್ದ. ಪಾರ್ಕಿಗೆ ಕರೆದೊಯ್ದರೆ ತಾನೇನು ಹಾಲುಗಲ್ಲದ ಕೂಸೇ ಎಂದು ಮುಖ ಊದಿಸುತ್ತಿದ್ದಳು. ಸಿನಿಮಾಕ್ಕೆ ಹೋದರೆ ಮೂರು ಗಂಟೆ ಕತ್ತಲಲ್ಲಿ ಅವಳ ಮುಖವೇ ಕಾಣುತ್ತಿರಲಿಲ್ಲ. ತನ್ನ ಒಂಟಿ ಕೋಣೆಗೆ ಕರೆತಂದರೆ ಬಣ್ಣದ ಡಬ್ಬಗಳ ನಡುವೆ, ಯಾರದೋ ಮನೆಗೆ ಬಂದ ನೆಂಟಳಂತೆ ಕುರ್ಚಿಯ ತುದಿಯಲ್ಲಿ ಕೂತಿರುತ್ತಿದ್ದಳು.

ಆಗಲೇ ಹೊಳೆದದ್ದು ಶೂಟಿಂಗ್ ರೇಂಜು. ಹಳೆಯ ಗೋದಾಮೊಂದನ್ನು ಗುಡಿಸಿ ಸಾರಿಸಿ ಮಾಡಿದ, ಹತ್ತು ಮೀಟರು ದೂರಕ್ಕೆ ಏರ್ ರೈಫಲ್ ಹೊಡೆಯುವ ಜಾಗ ಅದು. ಹೊರಗಿನ ಬೋರ್ಡನ್ನೂ, ಒಳಗಿನ ಗೋಡೆಯ ಮೇಲೆ ಗುರಿಗಳ ನೆತ್ತಿಗೆ ಒಂದರಿಂದ ಹದಿನಾರರವರೆಗಿನ ಅಂಕಿಗಳನ್ನೂ ಬರೆದುಕೊಟ್ಟವನು ಇವನೇ. ಅದನ್ನು ನಡೆಸುವ, ಎಲ್ಲರ ಬಾಯಲ್ಲೂ ಮೇಷ್ಟ್ರು ಎನ್ನಿಸಿಕೊಂಡ ಮುದುಕ, ಕೂಲಿಯ ಬದಲಿಗೆ ಅಪ್ಪ ಮಗಳಿಬ್ಬರನ್ನೂ ಸದಸ್ಯರನ್ನಾಗಿ ಮಾಡಿಕೊಂಡಿದ್ದ.

ಮೊದಲ ಎರಡು ಶನಿವಾರ ಮಗಳು ಆಕಳಿಸಿದಳು. ಮಾತಾಡುವಂತಿಲ್ಲ, ಓಡಾಡುವಂತಿಲ್ಲ, ದೂರದ ಕಪ್ಪು ಚುಕ್ಕೆಯೊಂದನ್ನು ದಿಟ್ಟಿಸಿಕೊಂಡು ಟಪ್ಪೆನ್ನಿಸಬೇಕು, ಆಮೇಲೆ ಇನ್ನೊಂದು ಸಲ ಟಪ್ಪೆನ್ನಿಸಬೇಕು. ಇದಕ್ಕಿಂತ ಪಾರ್ಕೇ ವಾಸಿ ಅಂದಳು. ಪಾರ್ಕಿಗಿಂತ ಕೆಳಗೆ ಇನ್ನೇನೂ ಉಳಿದಿರಲಿಲ್ಲ. ಮೂರನೆಯ ಶನಿವಾರಕ್ಕೆ ಅವನು ಅವಳ ಗಣಿತದ ಟೀಚರನ್ನು ಬರೆದುಕೊಂಡು ಹೋದ. ಟೀಚರನ್ನು ಅವನು ಕಂಡವನೇ ಅಲ್ಲ. ಮಗಳು ಹೇಳಿದ್ದ ದಪ್ಪ ಕನ್ನಡಕ, ಕಿವಿಯವರೆಗೆ ಹೋದ ಮೀಸೆ, ಮೂಗಿನ ತುದಿಯ ಮಚ್ಚೆ, ಇಷ್ಟನ್ನು ಸೇರಿಸಿ ಬರೆದಿದ್ದ. ಮಚ್ಚೆಯೇ ಗುರಿ. ಮಗಳು ಬಿಕ್ಕಳಿಕೆ ಬರುವಷ್ಟು ನಕ್ಕಳು, ಒಂದು ಗುಂಡೂ ಮಚ್ಚೆಗೆ ತಾಗಲಿಲ್ಲ. ಮುಂದಿನ ವಾರ ಯಾರನ್ನು ತರುತ್ತೀ ಎಂದು ಕೇಳಿದಳು.

ಹಾಗೆ ಶುರುವಾದದ್ದು ನಿಲ್ಲಲಿಲ್ಲ. ಎಮ್ಮೆಯಷ್ಟು ದೊಡ್ಡ ಸೊಳ್ಳೆ ಬಂತು, ಹಲ್ಲುನೋವಿನ ಹುಲಿ ಬಂತು, ಅಪ್ಪನದೇ ಬೋಳುತಲೆ ನೆತ್ತಿಯ ಕಡೆಯಿಂದ ಬಂತು. ಇವರ ಗದ್ದಲ ತಾಳಲಾರದೆ ಮೇಷ್ಟ್ರು, ನಗುವುದಾದರೆ ಮೂಲೆಯಲ್ಲಿ ನಗಿ ಎಂದು ಹನ್ನೊಂದು ಹನ್ನೆರಡನೇ ಸಾಲನ್ನು ಬಿಟ್ಟುಕೊಟ್ಟರು. ಆಚೆಗಿನ ನಾಲ್ಕು ಸಾಲುಗಳ ಕಾರ್ಡು ಎಳೆಯುವ ಹಗ್ಗ ಹರಿದು ಎಷ್ಟೋ ಕಾಲವಾಗಿದ್ದುದರಿಂದ ಅದೇ ಮೂಲೆ.

ಆಮೇಲೆ ಇಬ್ಬರೂ ಸೇರಿ ಇನ್ನೊಂದು ಆಟ ಕಟ್ಟಿದರು. ಒಬ್ಬರು ಗುರಿ ಹಿಡಿದಾಗ ಇನ್ನೊಬ್ಬರು ಹಿಂದೆ ನಿಂತು ನಗಿಸಬೇಕು. ನಕ್ಕವರು ಒಂದು ಪೆಪ್ಪರಮಿಂಟು ಕಳೆದುಕೊಂಡ ಹಾಗೆ. ಅಪ್ಪನ ಬಳಿ ಸರಕಿಗೆ ಬರವಿರಲಿಲ್ಲ. ತನ್ನ ಚಿತ್ರವನ್ನು ಅಂಗಡಿಯ ಬಾಗಿಲಿಗೆ ಬರೆಸಿ, ಹೊಟ್ಟೆಯನ್ನು ಮೂರು ಸಲ ಸಣ್ಣ ಮಾಡಿಸಿಕೊಂಡ ದರ್ಜಿಯ ಕಥೆ, ಆಸ್ಪತ್ರೆಯ ಬೋರ್ಡು ಬರೆಯುತ್ತ ಏಣಿಯಿಂದ ಬಿದ್ದು ಅದೇ ಆಸ್ಪತ್ರೆಗೆ ಸೇರಿದ ತನ್ನ ಕಥೆ. ಮೊದಲ ವರ್ಷ ಮಗಳು ಪೆಪ್ಪರಮಿಂಟು ಸೋತದ್ದೇ ಸೋತದ್ದು. ಎರಡನೇ ವರ್ಷ ತುಟಿ ಕಚ್ಚಿಕೊಂಡು ತಡೆದಳು. ಮೂರನೇ ವರ್ಷಕ್ಕೆ ಕಿವಿಯ ಹತ್ತಿರ ಏಣಿಯಲ್ಲ, ಆಸ್ಪತ್ರೆಯೇ ಬಿದ್ದರೂ ಅವಳ ರೈಫಲ್ಲಿನ ನಳಿಗೆ ಕೂದಲೆಳೆಯಷ್ಟೂ ಅಲುಗುತ್ತಿರಲಿಲ್ಲ. ಹೊಡೆದು, ರೈಫಲ್ ಕೆಳಗಿಟ್ಟು, ಆಮೇಲೆ ಗೋಡೆಗೆ ಒರಗಿ ನಗುತ್ತಿದ್ದಳು. ಮಗಳು ತನ್ನ ಜೊತೆ ಇರಲೆಂದು ಅವನು ಮಾಡಿದ ಕೋತಿಚೇಷ್ಟೆಯೆಲ್ಲ ಅವಳ ಕೈಯನ್ನು ಕಲ್ಲಿನಂತೆ ಮಾಡಿಬಿಟ್ಟಿತ್ತು.

ಆರು ವಾರದ ಹಿಂದೆ ಮೇಷ್ಟ್ರು ಅವನನ್ನು ಪಕ್ಕಕ್ಕೆ ಕರೆದು, ಈ ಹುಡುಗಿ ಇಲ್ಲಿ ಇರಬೇಕಾದವಳಲ್ಲ ಎಂದಿದ್ದರು. ಎಂಟು ಗಂಟೆ ರೈಲು ದೂರದಲ್ಲಿ ಶೂಟಿಂಗ್ ಕಲಿಸುವ ವಸತಿ ಶಾಲೆಯೊಂದಿತ್ತು. ಈ ಊರಿನಿಂದ ಇಬ್ಬರು ಮಕ್ಕಳನ್ನು ಆರಿಸಿಕೊಳ್ಳುತ್ತಿದ್ದರು. ಊಟ, ಓದು, ರೈಫಲ್ ಎಲ್ಲ ಅವರದೇ. ನಾಲ್ಕು ವರ್ಷ. ಬೇಸಿಗೆಯಲ್ಲಿ ಒಂದು ತಿಂಗಳು ಮನೆಗೆ ಕಳಿಸುತ್ತಾರೆ, ಆ ಮನೆ ಅಮ್ಮನದು. ಹೆಂಡತಿ ಫೋನು ಮಾಡಿ, ಇಂಥ ಅವಕಾಶ ಎಲ್ಲಿ ಸಿಗುತ್ತೆ ಹೇಳಿ ಅಂದಳು. ಎಷ್ಟೋ ಕಾಲದ ಮೇಲೆ ಅವಳ ದನಿಯಲ್ಲಿ ಮೊನಚಿರಲಿಲ್ಲ. ಇವನೂ ಹೌದೆಂದ. ಊರಿಗೆಲ್ಲ ಮುತ್ತು ಪೋಣಿಸಿದ ಹಾಗೆ ಅಕ್ಷರ ಬರೆದುಕೊಡುವವನ ಸಹಿ ಆ ಅರ್ಜಿಯ ಮೇಲೆ ಮಾತ್ರ ಸೊಟ್ಟಗೆ ಬಿತ್ತು.

ಶನಿವಾರ ಮೂರು ಗಂಟೆಗೆ ಆ ಇಬ್ಬರನ್ನು ಆರಿಸುವ ಸ್ಪರ್ಧೆ. ಆಯ್ಕೆ ಮಕ್ಕಳಿಗಷ್ಟೇ ಆದರೂ, ಸಾಲು ತುಂಬಲಿ ಎಂದು ದೊಡ್ಡ ಸದಸ್ಯರೂ ಹೊಡೆಯುವುದು ಅಲ್ಲಿಯ ರೂಢಿ. ಅಪ್ಪ ಬೆಂಚಿನ ಮೇಲೆ ಕೂರುತ್ತೇನೆಂದಿದ್ದ. ನೀನು ಪಕ್ಕದಲ್ಲಿ ನಿಂತರೆ ಮಾತ್ರ ನಾನು ಹೊಡೆಯುವುದು ಎಂದು ಮಗಳು ಹಠ ಹಿಡಿದದ್ದರಿಂದ ಹನ್ನೊಂದನೇ ಸಾಲಿನಲ್ಲಿ ಅವನು, ಹನ್ನೆರಡರಲ್ಲಿ ಅವಳು. ಒಬ್ಬೊಬ್ಬರಿಗೆ ಆರು ಕಾರ್ಡು, ಕಾರ್ಡಿಗೆ ಐದು ಗುಂಡು. ಅವನ ಗುಂಡುಗಳು ಕಾರ್ಡಿಗಿಂತ ಹಿಂದಿನ ಮರಳಿನ ಚೀಲಕ್ಕೇ ಹೆಚ್ಚು ಬೀಳುತ್ತವೆಂಬುದು ಇಡೀ ರೇಂಜಿಗೆ ಗೊತ್ತಿದ್ದ ವಿಷಯ. ಬ್ರಷ್ಷು ಹಿಡಿದರೆ ನಡುಗದ ಕೈ ರೈಫಲ್ ಹಿಡಿದರೆ ಯಾಕೆ ಕುಣಿಯುತ್ತದೋ ದೇವರೇ ಬಲ್ಲ.

ಇವರಿಬ್ಬರ ಐದೈದು ಕಾರ್ಡು ಮುಗಿದಾಗ ಮೇಷ್ಟ್ರು ಕರಿಹಲಗೆಯ ಮೇಲೆ ಅಂಕ ಬರೆದರು. ಡಾಕ್ಟರ ಮಗ ಮೊದಲನೆಯವನು, ಅವನನ್ನು ಇನ್ನು ಹಿಡಿಯುವ ಹಾಗಿರಲಿಲ್ಲ. ಎರಡನೇ ಜಾಗದಲ್ಲಿದ್ದ ಬೇಕರಿಯವನ ಮಗಳು ಆಗಲೇ ಆರೂ ಕಾರ್ಡು ಹೊಡೆದು ಮುಗಿಸಿ, ಬೆಂಚಿನ ಮೇಲೆ ಉಗುರು ಕಚ್ಚುತ್ತ ಕೂತಿದ್ದಳು. ಅವಳನ್ನು ದಾಟಲು ಇವನ ಮಗಳಿಗೆ ಕೊನೆಯ ಕಾರ್ಡಿನಲ್ಲಿ ಐವತ್ತಕ್ಕೆ ನಲವತ್ತೇಳು ಬೇಕಿತ್ತು.

ಮಗಳು ರೈಫಲ್ ಎತ್ತಿದಳು. ಒಂದು, ಎರಡು, ಮೂರು. ಅವಸರವಿಲ್ಲ, ಅನುಮಾನವಿಲ್ಲ. ಅಪ್ಪನೂ ತನ್ನ ಪಾಡಿಗೆ ನಾಲ್ಕು ಹೊಡೆದಿದ್ದ. ಐದನೆಯದಕ್ಕೆ ರೈಫಲ್ ಎತ್ತಿದಾಗ ಅವನ ಕಣ್ಣು ಬಲಕ್ಕೆ ಜಾರಿತು. ಕೆನ್ನೆಯನ್ನು ಮರದ ಹಿಡಿಗೆ ಒತ್ತಿಕೊಂಡಿದ್ದಳು, ಕತ್ತಿನ ಹಿಂದೆ ಜಡೆಗೆ ಸಿಗದ ಎಳೆಗೂದಲು. ಯಾವಾಗ ಇಷ್ಟು ಉದ್ದವಾದಳು ಇವಳು ಅಂದುಕೊಂಡ. ಅವಳ ಕಾರ್ಡು ಹೇಗಿದೆಯೋ ಎಂದು ಅತ್ತ ನೋಡಿದ. ನೋಡಿದ ಕಡೆಗೇ ನಳಿಗೆ ತಿರುಗಿತು, ಬೆರಳು ತನ್ನ ಕೆಲಸ ಮಾಡಿತು. ಟಪ್ಪೆಂದ ಮೇಲೆ ನೆತ್ತಿಯ ಅಂಕಿ ಕಣ್ಣಿಗೆ ಬಿತ್ತು. ಹನ್ನೆರಡು.

ಪಕ್ಕದಲ್ಲಿ ಮಗಳು ಅರೆಗಳಿಗೆ ರೈಫಲ್ ಇಳಿಸಿ, ಮತ್ತೆ ಎತ್ತಿ, ಉಳಿದೆರಡನ್ನೂ ಹೊಡೆದು ಮುಗಿಸಿದಳು.

ಮೇಷ್ಟ್ರು ಹಗ್ಗ ಎಳೆದರು. ಕಾರ್ಡು ತೂಗಾಡುತ್ತ ಬಂತು. ಭೂತಗನ್ನಡಿ ಹಿಡಿದು ಒಮ್ಮೆ ಎಣಿಸಿದರು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಎಣಿಸಿದರು. ಐದು ಗುಂಡಿನ ಕಾರ್ಡಿನಲ್ಲಿ ಆರು ತೂತು. ಮೂರಕ್ಕೆ ಹತ್ತು ಅಂಕ, ಎರಡಕ್ಕೆ ಒಂಬತ್ತು, ಒಂದಕ್ಕೆ ಎಂಟು.

ಇಂಥ ಹೊತ್ತಿನಲ್ಲಿ ಮೇಷ್ಟ್ರದೊಂದು ಪದ್ಧತಿಯಿತ್ತು. ಅವರು ಯಾರನ್ನೂ ವಿಚಾರಿಸುತ್ತಿರಲಿಲ್ಲ. ಕಾರ್ಡನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಸುಮ್ಮನೆ ನಿಲ್ಲುತ್ತಿದ್ದರು. ಹೊಡೆದವರಾಗಲಿ ಕಂಡವರಾಗಲಿ ತಾವಾಗಿಯೇ ಕೈ ಎತ್ತಿ ಬಾಯಿಬಿಡಬೇಕು. ಬಿಟ್ಟರೆ, ಇರುವುದರಲ್ಲಿ ಕಡಿಮೆ ಅಂಕದ ತೂತು ತಪ್ಪಿ ಹೊಡೆದವರದೆಂದು ತೆಗೆದುಹಾಕುವುದು. ಯಾರೂ ಬಿಡದಿದ್ದರೆ, ಕಾರ್ಡಿನವರೇ ಒಂದು ಗುಂಡು ಹೆಚ್ಚು ಹೊಡೆದರೆಂದು ಅತ್ಯುತ್ತಮವಾದದ್ದನ್ನು ಕಳೆಯುವುದು. ಅವನು ಕೈ ಎತ್ತಿದರೆ ಮಗಳಿಗೆ ನಲವತ್ತೆಂಟು. ಎತ್ತದಿದ್ದರೆ ನಲವತ್ತಾರು.

ಮೇಷ್ಟ್ರು ಕಾರ್ಡು ಹಿಡಿದು ನಿಂತರು.

ಅವನ ಕಾರ್ಡಿನಲ್ಲಿ ನಾಲ್ಕೇ ತೂತಿದ್ದವು. ಇದ್ದರೇನಂತೆ? ಐದನೆಯದು ಎಂದಿನ ಹಾಗೆ ಮರಳಿಗೆ ಹೋಯಿತು ಅಂದರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಸುಳ್ಳು ಹೇಳುವುದೂ ಬೇಕಿರಲಿಲ್ಲ, ಕೈಯನ್ನು ಇದ್ದಲ್ಲೇ ಇಟ್ಟುಕೊಂಡರೆ ಸಾಕಿತ್ತು. ಮುಂದಿನ ಶನಿವಾರ ಎರಡು ಗಂಟೆಗೆ ಅವಳು ಗೇಟಿನಿಂದ ಓಡಿ ಬರುತ್ತಾಳೆ. ಅದರ ಮುಂದಿನ ಶನಿವಾರವೂ. ಮನುಷ್ಯನಿಗೆ ವಾರದಲ್ಲಿ ನಾಲ್ಕು ಗಂಟೆ ಕೇಳಿಕೊಳ್ಳುವುದು ಅಷ್ಟು ದೊಡ್ಡ ದುರಾಸೆಯೇ? ಅವಳು ನಾಲ್ಕು ದಿನ ಅಳುತ್ತಾಳೆ, ಆಮೇಲೆ ಮರೆಯುತ್ತಾಳೆ, ಹದಿನಾಲ್ಕು ವರ್ಷದ ಮಕ್ಕಳು ಏನನ್ನು ತಾನೇ ಮರೆಯುವುದಿಲ್ಲ.

ಮಗಳ ಕಡೆ ನೋಡಿದ. ಅವಳು ಯಾರನ್ನೂ ನೋಡದೆ ತನ್ನ ಬೂಟಿನ ತುದಿ ನೋಡುತ್ತಿದ್ದಳು. ಮೇಷ್ಟ್ರು ಕಾರ್ಡನ್ನು ಇಳಿಸತೊಡಗಿದರು.

"ನಂದು ಮೇಷ್ಟ್ರೇ," ಅಂದ. ಕೈ ಆಮೇಲೆ ಮೇಲೇರಿತು.

ಮೇಷ್ಟ್ರು ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು. "ಅಲ್ಲಯ್ಯಾ, ಆ ಹನ್ನೆರಡನ್ನ ಬರ್ದವನೂ ನೀನೇ, ಓದೋಕೆ ಬರ್ದೇ ಇರೋನೂ ನೀನೇನಾ?"

ಎಲ್ಲರೂ ನಕ್ಕರು. ಇವನೂ ಹಲ್ಲು ಕಿರಿದ. ಎಂಟರ ತೂತಿನ ಸುತ್ತ ಮೇಷ್ಟ್ರು ಕೆಂಪು ಪೆನ್ಸಿಲಿನಿಂದ ಗೆರೆ ಎಳೆದು, ಹಲಗೆಯ ಮೇಲೆ ನಲವತ್ತೆಂಟು ಬರೆದರು. ಬೇಕರಿಯವನ ಮಗಳು ಎದ್ದು ಹೋದಳು. ಬಂದವರೆಲ್ಲ ಇವನ ಮಗಳ ಬೆನ್ನು ತಟ್ಟಿದರು, ಇವನ ಕೈ ಕುಲುಕಿದರು. ಮೇಷ್ಟ್ರು ಹೊರಗೆ ಹೋಗಿ ಹುಡುಗಿಯ ಅಮ್ಮನಿಗೆ ಫೋನು ಮಾಡಿ ಸುದ್ದಿ ಮುಟ್ಟಿಸಿ ಬಂದರು.

ಅಪ್ಪ ಮಗಳು ಅವಳ ಮನೆಯ ಕಡೆಗೆ ನಡೆದೇ ಹೊರಟರು. ಬಸ್ಸಿಗೆ ಹೋಗೋಣವೆಂದು ಇಬ್ಬರೂ ಅನ್ನಲಿಲ್ಲ. ಬೀದಿಯಲ್ಲಿ ಅಂಗಡಿಗಳು ದೀಪ ಹಾಕುತ್ತಿದ್ದವು. ಅಲ್ಲಿ ಚಳಿ ಜಾಸ್ತಿಯಂತೆ, ದಪ್ಪ ಕಾಲುಚೀಲ ತೆಗೆದುಕೊಳ್ಳಬೇಕು ಎಂದು ಅಪ್ಪ ಏನೇನೋ ಹೇಳುತ್ತ ನಡೆದ. ಮಗಳು ಹೂಂಗುಟ್ಟುತ್ತಿದ್ದಳು. ಔಷಧಿ ಅಂಗಡಿ ದಾಟಿದ ಮೇಲೆ ಒಮ್ಮೆಲೇ ಕೇಳಿದಳು.

"ಅಪ್ಪ, ಕೈ ಎತ್ತೋಕೆ ಯಾಕಷ್ಟು ಹೊತ್ತು ಮಾಡ್ದೆ?"

ಅವನ ಕಾಲು ನಿಂತಿತು. ಗೊತ್ತಾಗಲಿಲ್ಲ, ಗಮನಿಸಲಿಲ್ಲ ಎಂದು ಹೇಳಬಹುದಿತ್ತು. "ಎತ್ತೋದೇ ಬೇಡ ಅನ್ನಿಸ್ತು ಮರಿ," ಅಂದ. "ನೀನು ಇಲ್ಲೇ ಇರ್ತೀಯಲ್ಲ ಅಂತ. ತಪ್ಪಾಯ್ತು."

ಮಗಳು ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿಕೊಂಡಳು. "ನಾನು ನೋಡಿದ್ದೆ. ನಿನ್ನ ನಳಿಗೆ ನನ್ನ ಕಾರ್ಡಿನ ಕಡೆ ತಿರುಗಿತ್ತು. ನಾನೇ ಹೇಳ್ಬಹುದಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನು ಎತ್ತದೇ ಇದ್ರೆ ಚೆನ್ನಾಗಿರುತ್ತೆ ಅನ್ಕೊಂಡೆ."

ಸೈಕಲ್ಲಿನವನೊಬ್ಬ ಗಂಟೆ ಬಾರಿಸುತ್ತ ಇಬ್ಬರ ನಡುವೆ ತೂರಿಕೊಂಡು ಹೋದ.

"ಹೋಗೋಕೆ ಇಷ್ಟ ಇಲ್ವಾ?"

"ಇಷ್ಟ ಇದೆ ಅಪ್ಪ," ಅಂದಳು ಮಗಳು. "ಅದೇ ತೊಂದ್ರೆ."

ಹಾಗಾದರೆ ಹೋಗಬೇಡ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅವನು ಅದನ್ನು ನುಂಗಿಕೊಂಡ. ಇಬ್ಬರೂ ಮತ್ತೆ ನಡೆದರು, ಮೊದಲಿಗಿಂತ ನಿಧಾನವಾಗಿ.

ಬೀದಿಯ ಕೊನೆಯ ತಿರುವಿನಲ್ಲಿ ಸಾಮಾನು ಇಳಿಸುವ ವ್ಯಾನೊಂದು ನಿಂತಿತ್ತು. ಅದರಾಚೆ ಎರಡು ಮನೆ ದಾಟಿದರೆ ಅವಳ ಮನೆ. ಗೇಟು ತೆರೆದಿತ್ತು. ಹೆಂಡತಿ ಗೇಟಿನ ಹೊರಗೇ ಬಂದು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, ಬೀದಿಯ ಆ ತುದಿಗೂ ಈ ತುದಿಗೂ ಕಣ್ಣು ಹಾಯಿಸುತ್ತಿದ್ದಳು. ಮುಖದ ತುಂಬ ಸಂತೋಷ. ಇವನು ಹೆಜ್ಜೆ ಮುಂದಿಡುವಷ್ಟರಲ್ಲಿ ಮಗಳು ಅವನ ಅಂಗಿಯ ಹಿಂಬದಿಯನ್ನು ಹಿಡಿದು ವ್ಯಾನಿನ ಮರೆಗೆ ಎಳೆದುಕೊಂಡಳು.

ಇಬ್ಬರೂ ಅಲ್ಲೇ, ಬಿಸಿಯಾರದ ಎಂಜಿನ್ನಿನ ಪಕ್ಕ, ಉಸಿರೆತ್ತದೆ ನಿಂತರು. ಮಗಳು ಅಂಗಿಯನ್ನು ಬಿಡಲಿಲ್ಲ. ಗೇಟಿನ ಬಳಿ ಅವಳ ಅಮ್ಮ ಕೈಗಡಿಯಾರ ನೋಡಿಕೊಂಡು, ಒಳಗೆ ಹೋಗದೆ ಅಲ್ಲೇ ಕಾಯತೊಡಗಿದಳು. ಆರು ದಾಟಿ ಹತ್ತು ನಿಮಿಷವಾಗಿತ್ತು.