ಎಷ್ಟು ಇಂಚಿನ ಪೈಪು?

"ಟಾರ್ಚು ಸ್ವಲ್ಪ ಕೆಳಗೆ ಹಿಡಿಯಮ್ಮ, ನನ್ನ ಕಣ್ಣಿಗೇ ಬಿಡ್ತಿದ್ದೀಯ" ಎಂದ ಪ್ಲಂಬರು, ಸಿಂಕಿನ ಕೆಳಗೆ ಅಂಗಾತ ಮಲಗಿಕೊಂಡು.

ಅಣ್ಣನ ಮಗಳು ಟಾರ್ಚು ಇಳಿಸಿದಳು. ಅತ್ತು ಅತ್ತು ಅವಳ ಮುಖ ಊದಿಕೊಂಡಿತ್ತು. ಅಡುಗೆಮನೆಯ ಗೋಡೆಯ ಆಚೆ, ನಡುಮನೆಯಲ್ಲಿ, ಅವಳ ಅಪ್ಪನನ್ನು ಮಲಗಿಸಿದ್ದರು.

ಬೆಳಗ್ಗೆ ಅವಳ ಫೋನು ಬಂದಾಗ ಪ್ಲಂಬರು ಯಾರದೋ ತಾರಸಿಯ ಮೇಲೆ ನೀರಿನ ಟ್ಯಾಂಕಿಗೆ ವಾಲ್ವು ಕೂರಿಸುತ್ತಿದ್ದ. "ಚಿಕ್ಕಪ್ಪಾ, ಅಪ್ಪ ಎದ್ದೇಳಲೇ ಇಲ್ಲ" ಎಂದಷ್ಟೇ ಹೇಳಿದ್ದಳು. ಅವನು ಕೆಲಸ ಅಲ್ಲಿಗೇ ಬಿಟ್ಟು, ಸಾಮಾನಿನ ಚೀಲ ಹೆಗಲಿಗೇರಿಸಿಕೊಂಡು ಓಡಿಬಂದಿದ್ದ. ಬಂದವನಿಗೆ ಬಾಗಿಲ ಬಳಿ ಕಾಲು ಕಿತ್ತಿಡಲಾಗಲಿಲ್ಲ. ಐದಾರು ವರ್ಷದಿಂದ ಆ ಹೊಸ್ತಿಲು ತುಳಿದವನಲ್ಲ. ಒಳಗೆ ಬಿಳಿ ಹೊದಿಕೆಯ ಕೆಳಗೆ ಎರಡು ಪಾದ ಕಂಡವು. ಮುಖದ ಕಡೆಗೆ ಕಣ್ಣು ಹೋಗಲಿಲ್ಲ. ಯಾರಾದರೂ, 'ಈಗ ನೆನಪಾಯ್ತಾ ನಿನಗೆ ಅಣ್ಣ?' ಎಂದುಬಿಟ್ಟರೆ ಏನು ಹೇಳುವುದು ಎಂದು ಅವನು ಯೋಚಿಸುತ್ತ ನಿಂತಿದ್ದಾಗ, ಅಡುಗೆಮನೆಯಿಂದ ಪಕ್ಕದ ಮನೆಯಾಕೆ ಕೂಗಿಕೊಂಡಳು.

"ಅಯ್ಯೋ, ಸಿಂಕ್ ಕಟ್ಟಿಕೊಂಡು ನೀರೆಲ್ಲ ನೆಲಕ್ಕೆ ಬರ್ತಿದೆ! ಇಷ್ಟು ಜನರ ಲೋಟ ಎಲ್ಲಿ ತೊಳೆಯೋದು? ಯಾರಾದ್ರೂ ಪ್ಲಂಬರಿಗೆ ಫೋನ್ ಮಾಡ್ರಪ್ಪ!"

ಬಾಗಿಲಲ್ಲಿ ನಿಂತಿದ್ದವರೆಲ್ಲ ಇವನ ಚೀಲ ನೋಡಿದರು. ಇವನು ತಲೆ ತಗ್ಗಿಸಿ, ಗೋಡೆ ಸವರಿಕೊಂಡು, ನೇರ ಅಡುಗೆಮನೆಗೆ ನುಸುಳಿದ. ಸಾವಿನ ಮನೆಗೆ ಬಂದವನು ಮೊದಲು ಸತ್ತವನ ಮುಖ ನೋಡಬೇಕು. ಇವನು ನೋಡಿದ್ದು ಸಿಂಕನ್ನು. ಆ ಹೊತ್ತಿಗೆ ಸಿಂಕು ಕಟ್ಟಿಕೊಂಡಿದ್ದು ಯಾರೋ ಕೈಹಿಡಿದು ಕಾಪಾಡಿದಂತಾಗಿತ್ತು ಅವನಿಗೆ.

"ಕಷ್ಟಪಟ್ಟನೇನಮ್ಮ?" ಎಂದು ನಟ್ಟು ತಿರುಗಿಸುತ್ತ ಕೇಳಿದ.

"ಇಲ್ಲ ಚಿಕ್ಕಪ್ಪ. ಮಲಗಿದ್ದ ಹಾಗೇ. ಹೃದಯ ನಿಂತುಹೋಗಿದೆ ಅಂದ್ರು ಡಾಕ್ಟ್ರು. ಹೊದಿಕೆ ಕೂಡ ಸರಿದಿರಲಿಲ್ಲ."

"ಸದ್ಯ" ಎಂದ ಅವನು. ನನ್ನ ಮೇಲಿನ ಕೋಪ ಇಟ್ಟುಕೊಂಡೇ ಹೋದನೇ? ಇದನ್ನು ಆ ಮಗುವಿನ ಹತ್ತಿರ ಕೇಳುವುದಾದರೂ ಹೇಗೆ?

*

ಅಣ್ಣ ಲಿಫ್ಟಿನಲ್ಲಿ ಕೆಲಸ ಮಾಡುತ್ತಿದ್ದ. ಒಂದು ದೊಡ್ಡ ಕಂಪನಿಯ ಕಟ್ಟಡ, ಹಿತ್ತಾಳೆಯ ಕಂಬಿಯ ಬಾಗಿಲಿನ ಹಳೆಯ ಲಿಫ್ಟು. ಗಂಟೆಯಾದ ಕಡೆ ಹೋಗಿ ನಿಲ್ಲಬೇಕು, ಬಾಗಿಲು ಸರಿಸಬೇಕು, ಬಂದವರನ್ನು ಅವರವರ ಮಹಡಿಗೆ ಮುಟ್ಟಿಸಬೇಕು. ಮೂವತ್ತು ಚಿಲ್ಲರೆ ವರ್ಷ ಅಣ್ಣ ಮಾಡಿದ್ದು ಇದನ್ನೇ.

ಒಮ್ಮೆ ಆ ಕಟ್ಟಡದ ಐದನೇ ಮಹಡಿಯಲ್ಲಿ ಶೌಚಾಲಯದ ಪೈಪು ಒಡೆದು ಪ್ಲಂಬರು ಹೋಗಿದ್ದ. ಲಿಫ್ಟಿನೊಳಗೆ ಇಬ್ಬರು ಸಾಹೇಬರು ಇದ್ದರು. ಒಬ್ಬರ ಬಾಯಲ್ಲಿ ತಂಬಾಕಿನ ಪೈಪು. ಆ ಕಾಲದಲ್ಲಿ ಲಿಫ್ಟಿನಲ್ಲೂ ಸೇದುತ್ತಿದ್ದರು, ಬೇಡ ಎನ್ನುವವರು ಯಾರೂ ಇರಲಿಲ್ಲ. ಗುಂಡಿ ಹಾಕಿದ ಕೋಟು ತೊಟ್ಟ ಅಣ್ಣ ತಮ್ಮನ ಗುರುತೇ ಇಲ್ಲದವನಂತೆ, "ಎಷ್ಟನೇ ಮಹಡಿ?" ಎಂದು ಕೇಳಿದ. ಸಾಹೇಬರಿಬ್ಬರೂ ಇಳಿದುಹೋದ ಮೇಲೆ ಮಾತ್ರ ಕಣ್ಣುಮುಚ್ಚಿ ಉಸಿರು ಎಳೆದುಕೊಂಡ.

"ವಾಸನೆ ನೋಡೋ ಚಿಕ್ಕೋನೇ. ಒಳ್ಳೆ ಮರ, ಜೇನು, ಹೊಗೆ ಎಲ್ಲ ಸೇರಿದ ಹಾಗೆ. ಬೀಡಿ, ಸಿಗರೇಟಿಗೆಲ್ಲ ಇದು ಬರಲ್ಲ."

ಪ್ಲಂಬರಿಗೆ ತನ್ನ ಅಂಗಿಯ ವಾಸನೆ ಬಿಟ್ಟು ಬೇರೇನೂ ಬರಲಿಲ್ಲ.

ಅಣ್ಣ ನಿವೃತ್ತಿಯಾದ ಮೇಲೆ ಒಂದು ಭಾನುವಾರ, ಇವನು ಅವನ ಮನೆಯಲ್ಲಿ ಊಟಕ್ಕೆ ಕೂತಿದ್ದ. ಮದುವೆಯಾಗದ ಒಂಟಿ ಜೀವ. ಅವನ ಪಾಲಿಗೆ ಭಾನುವಾರವೆಂದರೆ ಅಣ್ಣನ ಮನೆ. "ಒಂದು ಪೈಪ್ ತಗೋಬೇಕು ಅಂತಿದ್ದೀನಿ ಕಣೋ. ಹೊಸದು, ಒಳ್ಳೇದು" ಎಂದ ಅಣ್ಣ, ನಾಚಿಕೊಂಡೇ.

"ತಗೊಳ್ಳೋಣ. ಎಷ್ಟು ಇಂಚಿಂದು?" ಎಂದ ಪ್ಲಂಬರು, ಅನ್ನ ಕಲಸುತ್ತ.

ಅತ್ತಿಗೆಗೆ ನಕ್ಕು ನಕ್ಕು ನೆತ್ತಿಗೆ ಹತ್ತಿತು. ಅವತ್ತು ಎಲ್ಲರೂ ನಕ್ಕರು. ಮುಂದಿನ ತಿಂಗಳು ಮಾತ್ರ ಯಾರೂ ನಗಲಿಲ್ಲ. ಅಣ್ಣ ನಿಜವಾಗಿಯೂ ಪೈಪು ಕೊಂಡು ತಂದಿದ್ದ. ಕಪ್ಪು ಪೆಟ್ಟಿಗೆ, ಒಳಗೆ ಮಖಮಲ್ಲಿನ ಹಾಸಿಗೆ, ಅದರ ಮೇಲೆ ಮಲಗಿದ ಕಂದು ಬಣ್ಣದ ಪೈಪು. ಬೆಲೆ ಕೇಳಿ ಪ್ಲಂಬರಿಗೆ ತುತ್ತು ಇಳಿಯಲಿಲ್ಲ. ಅವತ್ತು ಅತ್ತಿಗೆಯ ತವರಿನವರೂ ಊಟಕ್ಕೆ ಬಂದಿದ್ದರು. ಅವರೆಲ್ಲರ ಎದುರು ಇವನ ನಾಲಿಗೆ ಹಿಡಿತ ತಪ್ಪಿತು.

"ನಿನಗೇನು ತಲೆಗಿಲೆ ಕೆಟ್ಟಿದೆಯಾ ಅಣ್ಣ? ಜೀವಮಾನವೆಲ್ಲ ಸಾಹೇಬರನ್ನ ಮೇಲೆ ಹತ್ತಿಸಿ ಹತ್ತಿಸಿ ನೀನೂ ಸಾಹೇಬ ಆದೆ ಅಂದ್ಕೊಂಡ್ಯಾ? ಲಿಫ್ಟಿನವನ ಬಾಯಿಗೆ ಇದು ಒಪ್ಪುತ್ತಾ?"

ಆಡಿದ ಮೇಲೆ ಅವನಿಗೇ ಗೊತ್ತಾಯಿತು. ಅಣ್ಣ ಪೆಟ್ಟಿಗೆಯ ಮುಚ್ಚಳ ಮೆಲ್ಲಗೆ ಮುಚ್ಚಿದ. "ಊಟ ಮಾಡು, ಆರಿಹೋಗುತ್ತೆ" ಎಂದ. ಅಷ್ಟೇ.

ಮುಂದಿನ ಭಾನುವಾರ ಹೋಗಿ ಕ್ಷಮೆ ಕೇಳಬೇಕೆಂದುಕೊಂಡ. ಆ ಭಾನುವಾರ ಕಾಲೇಳಲಿಲ್ಲ. ಅದರ ಮುಂದಿನದಕ್ಕೆ ಇನ್ನೂ ಭಾರವಾಯಿತು. ಹೀಗೆ ಮುಂದೆ ಹಾಕಿ ಹಾಕಿ ವರ್ಷಗಳೇ ಉರುಳಿದವು. ಒಂದು ಸಲ ಬಸ್‌ಸ್ಟಾಪಿನಲ್ಲಿ ಇಬ್ಬರೂ ಎದುರಾಗಿದ್ದರು. ಬರುತ್ತಿದ್ದ ಬಸ್ಸಿನ ನಂಬರನ್ನು ಅಣ್ಣ ಜನ್ಮದಲ್ಲೇ ನೋಡಿರದವನಂತೆ ನೋಡಿದ. ತಮ್ಮನೂ ಅದನ್ನೇ ನೋಡಿದ. ಅದು ಇಬ್ಬರಿಗೂ ಬೇಕಾದ ಬಸ್ಸಾಗಿರಲಿಲ್ಲ. ಆದರೂ ಇವನು ಹತ್ತಿಬಿಟ್ಟ.

*

ನಟ್ಟು ತುಕ್ಕು ಹಿಡಿದು ಕೂತಿತ್ತು. ಪ್ಲಂಬರು ಎರಡೂ ಕೈಯಲ್ಲಿ ಸ್ಪ್ಯಾನರು ಹಿಡಿದು ಎಳೆಯುತ್ತಿದ್ದಾಗ ಯಾರೋ ಏದುಸಿರು ಬಿಡುತ್ತ ಅಡುಗೆಮನೆಗೆ ಬಂದು ಕುರ್ಚಿಯಲ್ಲಿ ಕುಸಿದರು. ಕೆಳಗಿನಿಂದ ಇವನಿಗೆ ಕಂಡದ್ದು ಇಸ್ತ್ರಿ ಮಾಡಿದ ಪ್ಯಾಂಟಿನ ಎರಡು ಕಾಲು ಮಾತ್ರ.

"ಒಂದು ಲೋಟ ನೀರು ಕೊಡಮ್ಮ. ಮೂರು ಮಹಡಿ! ನಮ್ಮನ್ನೆಲ್ಲ ಆರಾಮಾಗಿ ಮೇಲೆ ಕಳಿಸಿದವನು ತಾನು ದಿನಾ ಇಷ್ಟು ಮೆಟ್ಟಿಲು ಹತ್ತುತ್ತಿದ್ದನಾ?"

"ಅಭ್ಯಾಸ ಆಗಿತ್ತು ಸಾರ್" ಎಂದಳು ಮಗಳು. ಆಮೇಲೆ ಸಿಂಕಿನ ಕಡೆ ಬಗ್ಗಿ, "ಅಪ್ಪನ ಆಫೀಸಿನ ಮ್ಯಾನೇಜರು" ಎಂದು ಪಿಸುಗುಟ್ಟಿದಳು.

ಮುದುಕರಿಗೆ ಅದು ಕೇಳಿಸಲಿಲ್ಲ. ನೀರು ಕುಡಿದು, ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು.

"ಪೈಪು ತಗೊಳ್ಳೋ ಮುಂಚೆ ನಿಮ್ಮಪ್ಪ ನನ್ನ ಮನೆಗೆ ಬಂದಿದ್ದ. 'ಸಾರ್, ಹೊಸದು ತಗೊಂಡ್ರೆ ಕೊಟ್ಟ ದುಡ್ಡಿಗೆ ಮೋಸ ಇಲ್ವಾ?' ಅಂತ ಕೇಳಿದ. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅದರಲ್ಲಿ ಅರ್ಧ ದುಡ್ಡು ಹೆಸರಿಗೆ, ಪೆಟ್ಟಿಗೆಗೆ, ಮಖಮಲ್ಲಿಗೆ. ಹೊಗೆಗೆ ಅದೆಲ್ಲ ಎಲ್ಲಿ ಗೊತ್ತಾಗುತ್ತೆ? ಒಂದು ಸಲ ಬಾಯಿಗಿಟ್ಟರೆ ಮಾರೋಕೂ ಬರಲ್ಲ. ಸಾಲದ್ದಕ್ಕೆ, ಹೊಸ ಪೈಪು ಪಳಗೋವರೆಗೂ ನಾಲಿಗೆ ಸುಡುತ್ತೆ. ನನ್ನದೇ ಒಂದು ಹಳೇದಿದೆ, ಚೆನ್ನಾಗಿ ಪಳಗಿದೆ, ಹಾಗೇ ತಗೊಂಡು ಹೋಗು ಅಂದೆ."

"ಅಪ್ಪ ಏನಂದ್ರು?"

"'ಬೇಡ ಸಾರ್. ಇಷ್ಟು ವರ್ಷ ನಿಮ್ಮೆಲ್ಲರ ಹೊಗೇನೇ ಕುಡಿದಿದ್ದೀನಿ. ಇದೊಂದು ನನ್ನದೇ ಆಗಲಿ' ಅಂದ." ಮುದುಕರು ಖಾಲಿ ಲೋಟವನ್ನು ಕೈಯಲ್ಲೇ ತಿರುಗಿಸಿದರು. "ಅಷ್ಟು ವರ್ಷ ಅವನ ಪಕ್ಕದಲ್ಲೇ ನಿಂತು ಸೇದಿದ್ದೆ ನೋಡು. ನಿನಗೂ ಇಷ್ಟವೇನಯ್ಯ ಅಂತ ಒಂದು ದಿನ ಕೇಳಿರಲಿಲ್ಲ."

ಸಿಂಕಿನ ಕೆಳಗೆ ಸ್ಪ್ಯಾನರು ನಿಂತಿತ್ತು.

"ಒಂದೆರಡು ತಿಂಗಳಾದ ಮೇಲೆ ಮತ್ತೆ ಬಂದ. ನಾನು ಹೇಳಿದ ಹಾಗೇ ನಾಲಿಗೆ ಸುಟ್ಟುಕೊಂಡಿದ್ದ. ಅವಸರ ಮಾಡಬೇಡ, ಸ್ವಲ್ಪ ಸ್ವಲ್ಪ ತುಂಬು, ನಿಧಾನಕ್ಕೆ ಎಳಿ ಅಂತ ಹೇಳಿಕೊಟ್ಟೆ. ಆವಾಗಲೇ ಹೇಳಿದ್ದು, ಅವನಿಗೊಬ್ಬ ತಮ್ಮ ಇದ್ದಾನಂತೆ, ಪ್ಲಂಬರು. ಎಲ್ಲರ ಎದುರಿಗೆ ಏನೋ ಅಂದುಬಿಟ್ಟನಂತಲ್ಲ, ಲಿಫ್ಟಿನವನ ಬಾಯಿಗೆ ಅಂತ..."

"ಸಾರ್, ಇನ್ನೊಂದು ಲೋಟ ನೀರು ಕೊಡ್ಲಾ?" ಎಂದಳು ಹುಡುಗಿ ಗಡಿಬಿಡಿಯಲ್ಲಿ.

"ಬೇಡಮ್ಮ. ಬಂದಿದ್ದಾನಾ ಇವತ್ತು ಆ ತಮ್ಮ?"

ಪ್ಲಂಬರಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಏನು ಮಾಡಬೇಕೆಂದು ತೋಚದೆ ಸ್ಪ್ಯಾನರನ್ನು ಬಲವಾಗಿ ಎಳೆದ. ಅಷ್ಟು ಹೊತ್ತು ಹಟ ಹಿಡಿದಿದ್ದ ನಟ್ಟು ಗಿರ್ರನೆ ಬಿಚ್ಚಿಕೊಂಡು, ಬಾಗಿದ ಪೈಪಿನೊಳಗಿದ್ದ ಕರೀ ರಾಡಿಯೆಲ್ಲ ಅವನ ಎದೆಯ ಮೇಲೆ ದೊಪ್ಪನೆ ಬಿತ್ತು. ಅದರ ಹಿಂದೆಯೇ ನಾಲ್ಕು ಲೋಟದ ಚಹಾ ಚರಟ, ನೀರು. ಅಡುಗೆಮನೆ ತುಂಬ ವಾಸನೆ ಹಬ್ಬಿತು. ಚರಂಡಿಯ ವಾಸನೆಯಲ್ಲ. ಒಳ್ಳೆಯ ಮರ, ಜೇನು, ಹೊಗೆ ಎಲ್ಲ ಸೇರಿ ನೀರಿನಲ್ಲಿ ನೆನೆದ ವಾಸನೆ.

ಮ್ಯಾನೇಜರು ಮೂಗರಳಿಸಿದರು. "ಅರೆ! ಇದು ನಾನು ಸೇದೋ ತಂಬಾಕಲ್ವೇನಮ್ಮ?"

ಸದ್ದು ಕೇಳಿ ಅತ್ತಿಗೆ ನಡುಮನೆಯಿಂದ ಎದ್ದು ಬಂದಳು. ಹಿಂದೆಯೇ ಪಕ್ಕದ ಮನೆಯಾಕೆ. ಪ್ಲಂಬರು ತೆವಳಿಕೊಂಡು ಹೊರಗೆ ಬಂದು, ಮುಖದಿಂದ ಎದೆಯವರೆಗೆ ಕಪ್ಪಾಗಿ, ನೆಲದ ಮೇಲೆ ಕೂತ. ಇಷ್ಟು ವರ್ಷದ ಮೇಲೆ ಅತ್ತಿಗೆಯ ಮುಖ ನೋಡುತ್ತಿರುವುದು ಈ ಅವತಾರದಲ್ಲಿ.

ಅತ್ತಿಗೆ ರಾಡಿಯನ್ನು ನೋಡಿದಳು, ಅವನನ್ನು ನೋಡಿದಳು. "ಅಂತೂ ಕಟ್ಟಿಕೊಂಡಿತಾ?" ಎಂದಳು.

ಅಷ್ಟು ಹೇಳಿ ಸೆರಗು ಬಾಯಿಗೊತ್ತಿಕೊಂಡಳು. ಅಳುತ್ತಿದ್ದಾಳೆಂದು ಪಕ್ಕದ ಮನೆಯಾಕೆ ಹೆಗಲು ಹಿಡಿದುಕೊಂಡಳು. ಅತ್ತಿಗೆ ನಗುತ್ತಿದ್ದಳು. ಕಣ್ಣಿಂದ ನೀರು ಬೇರೆ ಹರಿಯುತ್ತಿತ್ತು.

"ದಿನಾ ಸಂಜೆ ಒಂದು ಸಲ ಸೇದಿ, ಬೂದಿ ತಂದು ಇದಕ್ಕೇ ತಟ್ಟೋರು. ಸಿಂಕಿಗೆ ಹಾಕ್ಬೇಡಿ, ಕಟ್ಟಿಕೊಳ್ಳುತ್ತೆ ಅಂತ ನಾನು ಬಡ್ಕೊಂಡಿದ್ದೇ ಬಂತು. 'ಕಟ್ಟಿಕೊಳ್ಳಲಿ ಬಿಡೇ. ಕಟ್ಟಿಕೊಂಡ್ರೆ ತಾನೆ ಚಿಕ್ಕೋನನ್ನ ಕರೆಯೋಕಾಗೋದು' ಅನ್ನೋರು."

"ಸುಮ್ನೆ ಕರೆದಿದ್ರೆ ಬರ್ತಿರಲಿಲ್ವಾ ಅತ್ತಿಗೆ ನಾನು?" ಅವನ ದನಿ ಒಡೆಯಿತು.

"ನಾನೂ ಅದನ್ನೇ ಕೇಳ್ದೆ. 'ನಾನು ದೊಡ್ಡೋನು, ನಾನೇ ಹ್ಯಾಗೆ ಕರೀಲಿ? ಕೆಲಸ ಇದೆ ಬಾ ಅಂದ್ರೆ ಆ ಮಾತು ಬೇರೆ' ಅನ್ನೋರು. ಈ ಹಾಳು ಪೈಪು ಕಟ್ಟಲೇ ಇಲ್ಲ! ಈ ಮನೆಗೆ ಪೈಪು ಹಾಕಿದ್ದು ಯಾರು ಹೇಳು?"

ಹಾಕಿದ್ದು ಅವನೇ. ಅಣ್ಣನ ಮನೆಯೆಂದು ಎಲ್ಲರಿಗೆ ಹಾಕುವುದಕ್ಕಿಂತ ದೊಡ್ಡ ಪೈಪು ಹಾಕಿ, ಇಳಿಜಾರು ಜಾಸ್ತಿ ಕೊಟ್ಟು, ಎರಡೆರಡು ಸಲ ನೀರು ಬಿಟ್ಟು ನೋಡಿದ್ದ.

"'ಹೆಂಗೆ ಹಾಕಿದ್ದಾನೆ ನೋಡು ಹಾಳಾದೋನು, ಆನೆ ಬಿದ್ರೂ ಹರಿದುಹೋಗುತ್ತೆ' ಅಂತ ಸಿಂಕಿನ ಮುಂದೆ ನಿಂತು ಬಯ್ಯೋರು. ಕಟ್ಟಿಕೊಳ್ಳೋಕೆ ಇವತ್ತೇ ಆಗಬೇಕಾಗಿತ್ತು ಇದಕ್ಕೆ. ಬಂದೋರ ಚಹಾ ಚರಟ ಎಲ್ಲ ಸೇರಿ."

ಪ್ಲಂಬರು ಕರೀ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. "ನಾನು ಆವತ್ತು ಆಡಿದ ಮಾತು..."

"ನೋವಾಗಿತ್ತು. ಇಲ್ಲ ಅಂತ ಸುಳ್ಳು ಹೇಳಲ್ಲ ನಾನು. ಒಂದೆರಡು ತಿಂಗಳು ನಿನ್ನ ಹೆಸರೆತ್ತೋ ಹಾಗಿರಲಿಲ್ಲ. ಆಮೇಲೆ ನಾಲಿಗೆ ಸುಟ್ಟುಕೊಂಡು ಬಂದ್ರಲ್ಲ, ಆವತ್ತು, 'ಚಿಕ್ಕೋನು ಹೇಳಿದ್ದು ಅರ್ಧ ನಿಜಾನೇ ಕಣೆ. ಅವನ ಮುಂದೆ ಒಪ್ಕೊಂಡ್ರೆ ತಲೆ ಮೇಲೆ ಕೂತ್ಕೋತಾನೆ' ಅಂದ್ರು. ಅಲ್ಲಿಗೆ ಮುಗೀತು. ಎಷ್ಟು ಇಂಚಿಂದು ಅಂತ ಕೇಳಿದ್ಯಲ್ಲ, ಅದನ್ನ ಮನೆಗೆ ಬಂದೋರಿಗೆಲ್ಲ ಹೇಳ್ಕೊಂಡು ನಗೋರು."

"ನನಗೂ ಹೇಳಿದ್ದ" ಎಂದರು ಮ್ಯಾನೇಜರು. ಆಗಷ್ಟೇ ಅವರಿಗೆ ನೆಲದ ಮೇಲೆ ಕೂತವನು ಯಾರೆಂದು ಹೊಳೆದು, ಕುರ್ಚಿಯಿಂದ ಎದ್ದು ನಿಂತರು.

ಪ್ಲಂಬರು ಎದ್ದ. ಪೈಪು ಜೋಡಿಸಿ, ಹೊಸ ವಾಷರು ಹಾಕಿ, ನಲ್ಲಿ ಬಿಟ್ಟು ನೋಡಿದ. ಸೋಪು ಹಾಕಿ ಕೈ, ಮುಖ, ಎದೆ ತೊಳೆದುಕೊಂಡ. ಅತ್ತಿಗೆ ಅಣ್ಣನ ಒಂದು ಒಗೆದ ಅಂಗಿ ತಂದುಕೊಟ್ಟಳು. ಅದನ್ನು ತೊಟ್ಟುಕೊಂಡು ನಡುಮನೆಗೆ ಹೋಗಿ ಅಣ್ಣನ ತಲೆಯ ಹತ್ತಿರ ಕೂತು, ಮುಖ ನೋಡಿದ. ವಯಸ್ಸಾಗಿತ್ತು ಅಣ್ಣನಿಗೆ. ಕೆಳದುಟಿಯ ಎಡಮೂಲೆಯಲ್ಲಿ ಒಂದು ಸಣ್ಣ ತಗ್ಗು ಬಿದ್ದಿತ್ತು, ಪೈಪು ಕಚ್ಚಿ ಕಚ್ಚಿ. ಅವನು ಗಟ್ಟಿಯಾಗಿ ಅತ್ತ. ಆ ಅಳುವಿನಲ್ಲಿ ಹಗುರವಾದದ್ದೇನೋ ಇತ್ತು. ಕೇಳುತ್ತಿದ್ದವರಲ್ಲೂ ಅಲ್ಲಲ್ಲಿ ಮಾತು ಶುರುವಾಯಿತು. ಇವರು ಯಾವತ್ತೂ ಗಂಟೆಗೆ ತಡ ಮಾಡಿದವರಲ್ಲ ಎಂದ ಆಫೀಸಿನ ಒಬ್ಬ. ಮಳೆಗಾಲದಲ್ಲಿ ನನ್ನ ಛತ್ರಿ ಒಣಗಿಸಿ ಇಡೋರು ಎಂದಳು ಇನ್ನೊಬ್ಬಾಕೆ.

ಮಧ್ಯಾಹ್ನ ಅಣ್ಣನನ್ನು ಇಳಿಸುವಾಗ ಕಿರಿದಾದ ಮೆಟ್ಟಿಲ ತಿರುವಿನಲ್ಲಿ ಮುಂದಿನ ಹೆಗಲು ಪ್ಲಂಬರನದೇ ಆಗಿತ್ತು.

*

ಸ್ಮಶಾನದಿಂದ ಬಂದು, ಸ್ನಾನ ಮಾಡಿ, ನೆಂಟರೆಲ್ಲ ಹೊರಟುಹೋದ ಮೇಲೆ ಮನೆಯಲ್ಲಿ ಮೂವರೇ ಉಳಿದರು. ಮಗಳು ಕಪ್ಪು ಪೆಟ್ಟಿಗೆಯನ್ನು ತಂದು ಚಿಕ್ಕಪ್ಪನ ಕೈಗಿಟ್ಟಳು. ಅವನು ಮುಚ್ಚಳ ತೆಗೆದು ಪೈಪನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ತಂಬಾಕು ತುಂಬುವ ಬಾಯಿಯ ಅಂಚು ಸುಟ್ಟು ಕಪ್ಪಾಗಿತ್ತು. ಕಚ್ಚುವ ತುದಿಯಲ್ಲಿ ಹಲ್ಲಿನ ಗುರುತುಗಳಿದ್ದವು. ಹೆಬ್ಬೆರಳು ಕೂರುವ ಜಾಗ ಮಾತ್ರ ಉಜ್ಜಿ ಉಜ್ಜಿ ಕನ್ನಡಿಯಂತಾಗಿತ್ತು.

"ಕೊಟ್ಟ ದುಡ್ಡಿಗೆ ಸರಿಯಾಯ್ತಾ ಅತ್ತಿಗೆ?" ಎಂದು ಕೇಳಿದ. ಕೆಣಕುವುದಕ್ಕಲ್ಲ, ನಿಜವಾಗಿ ತಿಳಿಯಬೇಕೆಂದು.

ಅತ್ತಿಗೆ ಯೋಚಿಸಿದಳು. "ನನ್ನ ಕೇಳಿದ್ರೆ ಇಲ್ಲ ಅಂತೀನಿ. ಪರದೆಗೆಲ್ಲ ವಾಸನೆ ಹಿಡಿದಿದೆ, ಎಷ್ಟು ಒಗೆದ್ರೂ ಹೋಗಲ್ಲ. ಆದ್ರೆ ಅದನ್ನ ಹಚ್ಚಿಕೊಂಡು ಬಾಲ್ಕನೀಲಿ ಕೂತಾಗ ಬಾಗಿಲ ಗಂಟೆ ಹೊಡೆದ್ರೂ ಏಳ್ತಿರಲಿಲ್ಲ ನಿಮ್ಮಣ್ಣ. ನೀನೇ ತೆಗಿ ಅನ್ನೋರು. ಅಷ್ಟು ವರ್ಷ ಗಂಟೆ ಕೇಳಿದ ಕಡೆಗೆಲ್ಲ ಹೋದೋರು."

ಅವನು ಪೈಪನ್ನು ಅದರ ಹಾಸಿಗೆಯ ಮೇಲೆ ಮಲಗಿಸಿ ಅತ್ತಿಗೆಗೇ ಕೊಟ್ಟ. "ನಿಮ್ಮ ಹತ್ರಾನೇ ಇರ್ಲಿ. ಭಾನುವಾರ ಬಂದಾಗ ನೋಡ್ತೀನಿ" ಎಂದ.

ಅಡುಗೆಮನೆಯಿಂದ ಅತ್ತಿಗೆ ತಟ್ಟೆಗೆ ಊಟ ಹಾಕಿಕೊಂಡು ಬರುವಷ್ಟರಲ್ಲಿ ಪ್ಲಂಬರು ನೆಲದ ಚಾಪೆಯ ಮೇಲೆ ಅಡ್ಡಾಗಿ ನಿದ್ದೆ ಹೋಗಿದ್ದ. ಬಾಯಿ ತೆರೆದುಕೊಂಡು, ಒಂದು ಕೈ ಎದೆಯ ಮೇಲೆ ಹಾಕಿಕೊಂಡು. ಅವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಅತ್ತಿಗೆ ಮೆಲ್ಲಗೆ ತೆಗೆದು ಕಿವಿಗಿಟ್ಟುಕೊಂಡಳು.

"ಹೌದು, ಪ್ಲಂಬರು ಇಲ್ಲೇ ಇದ್ದಾನೆ. ನಾನಾ? ಅವನ ಅತ್ತಿಗೆ. ಇಲ್ಲ, ಇವತ್ತು ಬರಲ್ಲ. ಸೋರಿದ್ರೆ ಸೋರಲಿ, ಕೆಳಗೊಂದು ಬಕೆಟ್ ಇಡಿ. ಮಲಗಿದ್ದಾನೆ."

ಮಗಳು ಒಳಗಿನಿಂದ ಒಂದು ದಿಂಬು ತಂದು ಅವನ ಪಕ್ಕ ಮಂಡಿಯೂರಿದಳು. ಹೇಗೆ ಇಡುವುದೆಂದು ಅವಳು ನೋಡುತ್ತಿದ್ದಂತೆ, ಅವನು ಕಣ್ಣು ಬಿಡದೆಯೇ ತಲೆಯನ್ನು ಸ್ವಲ್ಪ ಎತ್ತಿಕೊಟ್ಟ.